ಗುಂಡು ತಗೋರಿ, ಕೂಸು ಕೊಡ್ರಿ

“ನಿಮ್ಮ ಮನ್ಯಾಗ ತೊಟ್ಟಿಲ ಅದ ಏನ್ರಿ, ಸಾಹೇಬ್ರ?”

ಹುಮನಾಬಾದಿನ ತನ್ನ ಬಂದೂಕಿನ ಅಂಗಡಿಯಲ್ಲಿ ಕುಳಿತು ಮುದುಕ ಅಜೀಮುದ್ದೀನ್ ಹೀಗೆ ಕೇಳಿದಾಗ ಮಹಾರುದ್ರಪ್ಪನಿಗೆ ನಗು ಬಂತು. ರೈಫಲ್ಲು ಕೊಳ್ಳಲು ಬಂದವನಿಗೆ ಪರವಾನಗಿ ಕೇಳುವುದುಂಟು. ತೊಟ್ಟಿಲು ಕೇಳುವವರನ್ನು ಅವನು ಕಂಡಿರಲಿಲ್ಲ.

ಅವನು ಧಾರವಾಡದ ಕಡೆಯವನು. ಹದಿನೈದು ವರ್ಷ ಫೌಜಿನಲ್ಲಿದ್ದು, ೧೯೬೧ರಲ್ಲಿ ಮುಡಬಿಯ ಹತ್ತಿರ ಸೋದರಮಾವ ಬಿಟ್ಟುಹೋದ ಹೊಲಕ್ಕೆ ಹೆಂಡತಿ ಸೂಗಮ್ಮನೊಂದಿಗೆ ಬಂದು ನೆಲೆಸಿದ್ದ. ಕಾಡುಹಂದಿಗಳು ಕಬ್ಬು ಮುರಿದು ಹಾಕುತ್ತಿದ್ದವು. ಅವಕ್ಕಾಗಿ ಒಂದು ರೈಫಲ್ಲು ಬೇಕಾಗಿತ್ತು.

ಅಜೀಮುದ್ದೀನ್ ಎರಡನ್ನು ತೋರಿಸಿದ್ದ. ಮೊದಲನೆಯದರ ಬೋಲ್ಟು ಮರಳು ಸಿಕ್ಕಂತೆ ಕರಕರ ಎನ್ನುತ್ತಿತ್ತು. ಎರಡನೆಯದರ ನಳಿಗೆಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದರೆ ಒಳಗೆ ತುಕ್ಕಿನ ಕಲೆ. ಮೂಲೆಯಲ್ಲಿ ಕಂಬಳಿ ಸುತ್ತಿ ನಿಲ್ಲಿಸಿದ್ದ ಮೂರನೆಯದನ್ನು ಮಹಾರುದ್ರಪ್ಪ ತಾನೇ ಎತ್ತಿಕೊಂಡ. ಹಳೆಯದು, ಆದರೆ ನಳಿಗೆ ಒಳಗೆ ಕನ್ನಡಿಯಂತಿತ್ತು. ಬೋಲ್ಟು ಬೆಣ್ಣೆಯಲ್ಲಿ ಬೆರಳಾಡಿಸಿದ ಹಾಗೆ ಸರಿಯಿತು. ಹೆಗಲಿಗೆ ಒರಗುವ ಕಟ್ಟಿಗೆಯ ಕುಂದಾ ಕಪ್ಪು ಬೀಟೆಯದು. ಅದರ ಮೇಲೆ ಸವೆದುಹೋದ ಒಂದು ಗಿಳಿಯ ಕೆತ್ತನೆ. ಹೆಗಲಿಗೆ ಹಚ್ಚಿದ. ನಿದ್ದೆ ಬಂದ ಕೂಸು ತಲೆಯಿಟ್ಟಂತೆ ಅದು ಅಲ್ಲಿ ಕೂತುಬಿಟ್ಟಿತು. ಇದೇ ಇರಲಿ ಎಂದ. ಆಗಲೇ ಮುದುಕ ತೊಟ್ಟಿಲ ಮಾತು ತೆಗೆದದ್ದು.

ಅವನು ಹೇಳಿದ್ದು ಇಷ್ಟು. ನಿಜಾಮನ ಕಾಲದಲ್ಲಿ ಇದು ಒಬ್ಬ ಜಾಗೀರದಾರನ ರೈಫಲ್ಲು. ಬೇಟೆಯಲ್ಲಿ ಅದರ ಕುಂದಾ ಮುರಿಯಿತು. ಮಂಠಾಳದ ಕಡೆ ಭಾಗಮ್ಮ ಎಂಬ ಒಕ್ಕಲು ಹೆಂಗಸಿನ ಮನೆಯಲ್ಲಿ ಒಳ್ಳೆಯ ಬೀಟೆಯ ತೊಟ್ಟಿಲಿದೆ ಎಂದು ಯಾರೋ ಹೇಳಿದರು. ಆಳುಗಳು ಹೋಗಿ ಕೂಸನ್ನು ನೆಲಕ್ಕೆ ಮಲಗಿಸಿ ತೊಟ್ಟಿಲು ಹೊತ್ತು ತಂದರು. ಮಾಘದ ಚಳಿ. ಮೂರನೆಯ ದಿನ ಕೂಸು ತೀರಿತು. ಆ ತೊಟ್ಟಿಲ ದಪ್ಪ ತಲೆಹಲಗೆಯಿಂದ ಈ ಕುಂದಾ ಕೆತ್ತಿದವನು ಅಜೀಮುದ್ದೀನನ ತಂದೆ. ಅಮಾವಾಸ್ಯೆಯ ದಿನ ಭಾಗಮ್ಮ ಅಂಗಡಿಗೆ ಬಂದಳು. ಕುಂದಾದ ತುದಿಯ ಕಬ್ಬಿಣದ ತಗಡು ಬಿಚ್ಚಿಸಿದಳು. ಒಳಗಿನ ಪೊಳ್ಳಿನಲ್ಲಿ ಸತ್ತ ಕೂಸಿನ ಹುಟ್ಟುಗೂದಲು ಇಟ್ಟು, ಮಂತ್ರಿಸಿ, ತೊಟ್ಟಿಲ ಶಾಸ್ತ್ರದ ಮಾತೊಂದನ್ನು ಆಡಿ ಹೋದಳು. ತಂದೆ ತಡೆಯಲಿಲ್ಲ. ತಪ್ಪಿನಲ್ಲಿ ತನ್ನ ಕೈಯೂ ಇದೆ ಎಂದು ತಲೆ ತಗ್ಗಿಸಿ ನಿಂತಿದ್ದ.

“ಏನಂದ್ಳು ಆಕಿ?”

“‘ಗುಂಡು ತಗೋರಿ, ಕೂಸು ಕೊಡ್ರಿ.’ ಅಷ್ಟ.”

ಆ ವರ್ಷವೇ ಜಾಗೀರದಾರನ ತೊಟ್ಟಿಲ ಮೊಮ್ಮಗ ಹೋದ. ಹೆದರಿ ಅವನು ರೈಫಲ್ಲನ್ನು ಈ ಅಂಗಡಿಗೇ ಕಳಿಸಿದ. ಆಮೇಲೆ ಅಜೀಮುದ್ದೀನನ ಹಾಲು ಕುಡಿಯುವ ತಮ್ಮ ಹೋದ.

ಸುಟ್ಟುಹಾಕಬಾರದಿತ್ತೇ ಎಂದು ಮಹಾರುದ್ರಪ್ಪ ಕೇಳಿದ.

“ಸುಡಾಕ ಹೋಗಿದ್ವಿರಿ. ನಮ್ಮ ಅಮ್ಮಾ ಬಿಡಲಿಲ್ಲ.” ಯಾಕೆಂದು ಮುದುಕ ಹೇಳಲಿಲ್ಲ. “ಈಗ ಆಕಿ ಇಲ್ಲ. ತೊಟ್ಟಿಲ ಇಲ್ಲದ ಮನಿಗಿ ಇದನ್ನ ಕೊಟ್ಟು ನಾನೂ ಕಣ್ಣ ಮುಚ್ಚತೀನಿ.”

“ಚಲೋ ಮಾಲ ಬ್ಯಾರೆ ಯಾರಿಗೋ ಎತ್ತಿಟ್ಟು ನನಗ ದೆವ್ವಾ ತೋರಸ್ತೀರೇನು, ಚಾಚಾ?” ಎಂದು ಮಹಾರುದ್ರಪ್ಪ ನಕ್ಕ. “ನಮ್ಮ ಮನ್ಯಾಗ ತೊಟ್ಟಿಲ ಇಲ್ಲ.”

ಮಾತು ನಿಜವೇ. ಕೂಸು ಹುಟ್ಟುವ ಮೊದಲು ಮನೆಗೆ ತೊಟ್ಟಿಲು ತರುವ ಪದ್ಧತಿ ಅವರಲ್ಲಿಲ್ಲ. ಸೂಗಮ್ಮನಿಗೆ ಆಗ ಏಳು ತಿಂಗಳು. ಎರಡು ಬಸಿರು ಇಳಿದುಹೋದ ಮೇಲೆ ನಿಂತ ಮೂರನೆಯದು. ಜನರ ಮುಂದೆ ಅವನ ಮಾತು ನಿಜವಾಗಿತ್ತು. ಶಿವನ ಮುಂದೆ ಸುಳ್ಳಾಗಿತ್ತು.

ಮನೆಗೆ ಬಂದಾಗ ಸೂಗಮ್ಮ ಅವನ ಅಂಗಿಯ ಬಲಹೆಗಲನ್ನು ಮೂಸಿ ನೋಡಿದಳು.

“ಯಾರ ಮನಿ ಕೂಸು ಎತ್ತಿಕೊಂಡಿದ್ರಿ? ಕೂಸಿಗೆ ತೇಯೋ ಬಜಿ ವಾಸನಿ ಬರಾಕತ್ತೈತಿ. ಹರಳೆಣ್ಣಿದೂ.”

ಬಂದೂಕಿನ ಎಣ್ಣೆ ಎಂದ. ಮುದುಕ ಹೇಳಿದ್ದನ್ನು ಹೇಳಲಿಲ್ಲ.

ಮರುದಿನ ಸಂಜೆ ಕಬ್ಬಿನ ಬದುವಿನಲ್ಲಿ ಕುಳಿತ. ಕಬ್ಬಿನ ಒಣಗರಿಗಳ ರವದಿಯಲ್ಲಿ ಸದ್ದಾಯಿತು. ರೈಫಲ್ಲು ಎತ್ತಿದ. ಹೆಗಲಿಗೆ ಒರಗಿದ ಕಟ್ಟಿಗೆ ಕಿರ್ ಎಂದಿತು. ಮತ್ತೆ, ಕಿರ್. ಹಗ್ಗಕ್ಕೆ ಭಾರ ಬಿದ್ದ ತೊಟ್ಟಿಲ ಸದ್ದು. ಅವನು ಬಂದೂಕಿನ ಕುದುರೆ ಎಳೆದ. ಹಂದಿ ಬಿತ್ತು. ಅದು ಮರಿ ಹೊತ್ತ ಹೆಣ್ಣುಹಂದಿ. ಮನೆಗೆ ಬಂದರೆ ಸೂಗಮ್ಮ ಹೊಟ್ಟೆಯ ಮೇಲೆ ಕೈಯಿಟ್ಟು ಗೋಡೆಗೆ ಒರಗಿದ್ದಳು. ಸೂರ್ಯ ಮುಳುಗುವ ಹೊತ್ತಿನಿಂದ ಕೂಸು ಮಿಸುಕಿಲ್ಲ ಎಂದಳು. ಬೆಳಗಿನವರೆಗೂ ಅವಳ ತುಟಿಯಲ್ಲಿ ಶಿವನಾಮ ನಿಲ್ಲಲಿಲ್ಲ. ಕೋಳಿ ಕೂಗಿದಾಗ ಕೂಸು ಒದೆಯಿತು. ಮಹಾರುದ್ರಪ್ಪ ರೈಫಲ್ಲನ್ನು ಗೂಟಕ್ಕೆ ತೂಗುಹಾಕಿದವನು ಎರಡು ತಿಂಗಳು ಮುಟ್ಟಲಿಲ್ಲ. ಹೆದರಿ ಅಲ್ಲ ಎಂದು ತನಗೆ ತಾನೇ ಹೇಳಿಕೊಂಡ.

ಹೆಣ್ಣುಮಗು ಹುಟ್ಟಿತು. ತಲೆತುಂಬ ಕಪ್ಪು ಕೂದಲು. ಸೂಲಗಿತ್ತಿ ಸೋನುಬಾಯಿ ಅದನ್ನು ಬಿಸಿಲಿಗೆ ಹಿಡಿದು ನಕ್ಕಳು. ಮಹಾರುದ್ರಪ್ಪನೂ ನಕ್ಕ. ಅವನ ಎದೆಯ ಮೇಲಿನ ಕಲ್ಲು ಇಳಿದಿತ್ತು. ಬಸವಕಲ್ಯಾಣಕ್ಕೆ ಹೋಗಿ ಹೊಸ ತೊಟ್ಟಿಲು ತಂದ.

ಹದಿಮೂರನೆಯ ದಿನ ತೊಟ್ಟಿಲ ಶಾಸ್ತ್ರ. ಆ ಸೀಮೆಯಲ್ಲಿ ಕೂಸಿಗಿಂತ ಮೊದಲು ಒಳಕಲ್ಲಿನ ಗುಂಡುಕಲ್ಲಿಗೆ ಕೂಸಿನ ತಲೆಯುಡುಗೆಯಾದ ಕುಂಚಿಗೆ ತೊಡಿಸಿ ತೊಟ್ಟಿಲ ಕೆಳಗಿನಿಂದ ದಾಟಿಸುತ್ತಾರೆ. “ಗುಂಡು ತಗೋರಿ, ಕೂಸು ಕೊಡ್ರಿ” ಎಂದು ಆಚೆಯವಳು ಕೈಯೊಡ್ಡಿದರೆ, ಈಚೆಯ ತಾಯಿ ತೊಟ್ಟಿಲ ಮೇಲಿನಿಂದ ಕೂಸನ್ನು ಕೊಡುತ್ತಾಳೆ. ಕೇಡೆಲ್ಲ ಕಲ್ಲಿಗಿರಲಿ ಎಂದು. ಆದರೆ ಆ ದಿನ ಗುಂಡುಕಲ್ಲು ಮನೆಯಲ್ಲಿರಲಿಲ್ಲ. ನೆರೆಯವಳು ಒಯ್ದು, ತನ್ನ ಮನೆಗೆ ಬೀಗ ಹಾಕಿ ಸಂತೆಗೆ ಹೋಗಿದ್ದಳು.

“ಕೂಸಿನ ಚಂದ ನೋಡಿ ಗುಂಡಪ್ಪ ನಾಚಿ ಓಡಿಹೋಗ್ಯಾನ,” ಎಂದಳು ಸೋನುಬಾಯಿ. ಹೆಂಗಸರು ನಕ್ಕರು.

ಬಾಗಿಲಲ್ಲಿ ನಿಂತಿದ್ದ ಮಹಾರುದ್ರಪ್ಪನಿಗೂ ಹುರುಪು ಬಂತು. “ಫೌಜಿನವನ ಮನ್ಯಾಗ ಗುಂಡಿಗೇನ ಬರ, ಸೋನಕ್ಕಾ?” ಎಂದು ಗೂಟದ ರೈಫಲ್ಲಿನ ಬೋಲ್ಟು ಎಳೆದ. ಹಂದಿಗೆ ಹೊಡೆದ ಮೇಲೆ ಮತ್ತೆ ತುಂಬಿ ಹಾಗೇ ಬಿಟ್ಟಿದ್ದ ಹಿತ್ತಾಳೆಯ ಗುಂಡು ಅವನ ಅಂಗೈಗೆ ಬಿತ್ತು. ಸೋನುಬಾಯಿ ಒಂದು ಗಳಿಗೆ ಹಿಂಜರಿದಳು. ನಕ್ಕವರನ್ನು ನೋಡಿ ಅದಕ್ಕೇ ಕುಂಚಿಗೆ ಸುತ್ತಿದಳು.

ಯಾರೋ ಕೆಂಡದ ಮೇಲೆ ಲೋಬಾನ ಹಾಕಿದರು. ಕಿಟಕಿಯಿಲ್ಲದ ಕೋಣೆ. ಹೊಗೆ ಎದ್ದಿತು. ದೀಪ ಮಸುಕಾಯಿತು. ಲೋಬಾನದೊಳಗೆ ಬಜೆಯ ವಾಸನೆ, ಹರಳೆಣ್ಣೆಯ ವಾಸನೆ. ಗೂಟದ ಕಡೆಯಿಂದ ಕಿರ್. ಕಿರ್.

“ಗುಂಡು ತಗೋರಿ,” ಎಂದಳು ಸೋನುಬಾಯಿ.

ಮಹಾರುದ್ರಪ್ಪನಿಗೆ ಅಂಗಡಿ ನೆನಪಾಯಿತು. ಮುದುಕನ ಮುಖ ನೆನಪಾಯಿತು. ಬೇಡ ಎನ್ನಲು ಬಾಯಿ ತೆರೆದ. ಹೊಗೆ ಗಂಟಲಿಗಿಳಿಯಿತು. ಕೆಮ್ಮೊಂದೇ ಬಂತು.

“ಕೂಸು ಕೊಡ್ರಿ.”

ಹೊಗೆಯಲ್ಲಿ ಎರಡು ಕೈ. ಸೂಗಮ್ಮ ಕೂಸನ್ನು ಚಾಚಿದಳು. ಕೈಗಳು ತೆಗೆದುಕೊಂಡವು. ಬಹಳ ಮೆತ್ತಗೆ. ಬಹಳ ದಿನ ಕಾದವರ ಹಾಗೆ.

ಹೊಗೆ ತಿಳಿಯಾಯಿತು. ಆಚೆ ಬದಿಯಲ್ಲಿ ಸೋನುಬಾಯಿ ಬರಿಗೈ ಒಡ್ಡಿ ನಿಂತಿದ್ದಳು.

“ಕೊಡ್ರಿ ಬಾಯಿ. ಯಾವಾಗಿಂದ ಕೈ ಒಡ್ಡಿ ನಿಂತೀನಿ.”

ಕೂಸು ತೊಟ್ಟಿಲಲ್ಲಿತ್ತು. ಮೈ ತಣ್ಣಗಿತ್ತು. ಮುಂದಲೆಯಲ್ಲಿ ಅಂಗುಲದಷ್ಟು ಜಾಗದಲ್ಲಿ ಕೂದಲಿರಲಿಲ್ಲ.

ಕಿವಿಯಲ್ಲಿ ಹೆಸರು ಹೇಳುವ ಮೊದಲೇ ಹೋದ ಕೂಸು. ವಿಭೂತಿ ಹಚ್ಚಿ, ಹೊಲದ ಮೂಲೆಯಲ್ಲಿ ಮಣ್ಣು ಮಾಡಿದರು. ಜಂಗಮರು ಯಾವ ಹೆಸರು ಹಿಡಿದು ಬೇಡಲಿ ಎಂದು ಕೇಳಿ, ಕೊನೆಗೆ ಕೂಸೆಂದೇ ಬೇಡಿಕೊಂಡರು.

ಮಣ್ಣು ಮುಗಿಸಿ ಬಂದವನೇ ಮಹಾರುದ್ರಪ್ಪ ಕುಂದಾದ ತಗಡು ಬಿಚ್ಚಿದ. ಪೊಳ್ಳಿನಲ್ಲಿ ನಾಲ್ಕು ಎಳೆಗೂದಲಿನ ಸುರುಳಿಗಳಿದ್ದವು. ಮೂರು ಒಣಗಿ ಹುಲ್ಲಾಗಿದ್ದವು. ನಾಲ್ಕನೆಯದಕ್ಕೆ ಬೆಳಿಗ್ಗೆ ಸೂಗಮ್ಮ ಹಚ್ಚಿದ್ದ ಎಣ್ಣೆ ಇನ್ನೂ ಆರಿರಲಿಲ್ಲ.

ಆಗ ಹೆಂಡತಿಗೆ ಎಲ್ಲವನ್ನೂ ಹೇಳಿದ. ಅವಳು ಎದ್ದು ಅವನ ಹಿಂದೆ ನಡೆದಳು. ಹಿತ್ತಲಲ್ಲಿ ಸಗಣಿಯ ಕುಳ್ಳು ಒಟ್ಟಿ ಅವನು ಬೆಂಕಿ ಹಚ್ಚುವಾಗ ಎದುರಿಗೆ ನಿಂತಿದ್ದಳು. ರೈಫಲ್ಲನ್ನು ಉರಿಯ ಮೇಲಿಟ್ಟ. ಬೀಟೆ ಬಿಸಿಯಾಯಿತು. ಗಿಳಿಯ ಕೆತ್ತನೆ ಕಪ್ಪಾಯಿತು.

ಕಟ್ಟಿಗೆಯೊಳಗಿಂದ ಅಳು ಕೇಳಿತು.

ಮೊದಲು ಒಂದು. ಆಮೇಲೆ ಹಲವು. ಎಲ್ಲಕ್ಕಿಂತ ಸಣ್ಣದು, ಹಸಿದಾಗ ಎರಡು ಸಲ ಬಿಕ್ಕಿ ಮೂರನೆಯದಕ್ಕೆ ಚೀರುವ ಅಳು. ಹದಿಮೂರು ದಿನ ಆ ಮನೆಯಲ್ಲಿ ಕೇಳಿದ ಅಳು.

“ನಮ್ಮದು,” ಎಂದಳು ಸೂಗಮ್ಮ.

ಅಜೀಮುದ್ದೀನನ ತಾಯಿ ಯಾಕೆ ಸುಡಗೊಡಲಿಲ್ಲವೆಂದು ಮಹಾರುದ್ರಪ್ಪನಿಗೆ ಆಗ ತಿಳಿಯಿತು. ಸೂಗಮ್ಮ ಬೆಂಕಿಗೆ ಎರಡೂ ಕೈ ಹಾಕಿದಳು. ಸುಟ್ಟ ಅಂಗೈಗಳಲ್ಲೇ ಅದನ್ನು ಎತ್ತಿ ಎದೆಗೆ ಅವಚಿಕೊಂಡಳು. ಅಳು ನಿಂತಿತು.

“ನೀರ ಹಾಕ್ರಿ,” ಎಂದಳು.

ಅವನು ಕೊಡ ತಂದು ಬೆಂಕಿಯ ಮೇಲೆ ಸುರಿದ. ಒಳಗೆ ಹೊಸ ತೊಟ್ಟಿಲಿನ ಹಗ್ಗ ಕಿರ್ ಎನ್ನತೊಡಗಿತು. ಸೂಗಮ್ಮ ರೈಫಲ್ಲನ್ನು ಮಲಗಿಸಿ ತೂಗುತ್ತಿದ್ದಳು.