ಅಕ್ಕಿಕಾಳಷ್ಟು ಪೇಸ್ಟ್

ನನ್ನ ಕುತ್ತಿಗೆಗೆ ತಾಗಿದ್ದದ್ದು ಚಾಕುವಲ್ಲ. ಸ್ಕ್ರೂಡ್ರೈವರ್.

ಅದೂ ನನ್ನದೇ.

"ಅಕ್ಕಾ, ಬೇಗ ರಿಪೇರಿ ಮಾಡಿ," ಎಂದ ಅದನ್ನು ಹಿಡಿದವನು. ಬೀರುವಿನಂಥ ಆಳು. ಬೀರು ಎಂದೇ ಕರೆಯೋಣ. ದನಿ ಮಾತ್ರ ಜ್ವರ ಬಂದವನದು.

"ಅದನ್ನ ಕೊಟ್ಟರೆ ತಾನೇ ಮಾಡೋದು? ಮುಚ್ಚಳ ಬಿಚ್ಚೋಕೆ ಅದೇ ಬೇಕು."

ಅವನು ಯೋಚಿಸಿದ. ಕೊಟ್ಟ. ಬದಲಿಗೆ ನನ್ನ ಕತ್ತರಿ ಎತ್ತಿಕೊಂಡ.

ನೋಡಿ, ನೀರಿಗೆ ಬಿದ್ದ ಡ್ರೋನ್‌ಗಳನ್ನು ಬದುಕಿಸುವುದು ನನ್ನ ಕಸುಬು. ಕೆರೆ, ಸಮುದ್ರ, ಸಂಪು, ಒಮ್ಮೆ ಪೇಂಟಿನ ಡ್ರಮ್ಮು... ಎಲ್ಲದರಿಂದಲೂ ಎತ್ತಿದ್ದೇನೆ. ಆದರೆ ಮಟಮಟ ಮಧ್ಯಾಹ್ನ ಗಿರಾಕಿಯ ಇಡೀ ಸಂಸಾರ ಅಂಗಡಿಗೆ ನುಗ್ಗಿ ಶಟರ್ ಎಳೆದುಕೊಂಡದ್ದು ಅದೇ ಮೊದಲು.

ನನ್ನ ಕುರ್ಚಿಯಲ್ಲಿ ಬೀರುವಿನ ತಾಯಿ ಕೂತಿದ್ದಳು. ಮಾರ್ಕೆಟ್ಟಿನವರು ಅವಳನ್ನು ದೊಡ್ಡಮ್ಮ ಎನ್ನುತ್ತಾರೆ. ಮೆಲ್ಲಗೆ, ಅತ್ತಿತ್ತ ನೋಡಿಕೊಂಡು. ತಲೆಗೂದಲು ಇನ್ನೂ ಒದ್ದೆ. ಹೆಗಲ ಮೇಲೆ ಟವೆಲ್. ಶಟರ್‌ಗೆ ಒರಗಿ ನಿಂತಿದ್ದ ಸಣಕಲ ಅವಳ ಕಿರಿಮಗ.

"ಇವತ್ತು ನನ್ನ ಬರ್ತ್‌ಡೇ," ಎಂದಳು ದೊಡ್ಡಮ್ಮ. "ಈಜುಕೊಳದ ಅಂಚಲ್ಲಿ ನಿಂತಿದ್ದೆ. ಹಿಂದಿಂದ ಯಾರೋ ಗುದ್ದಿದರು. ದಬಾರ್ ಅಂತ ಬಿದ್ದೆ. ವಿಡಿಯೋ ತೆಗೀತಿದ್ದ ಈ ಡ್ರೋನೂ ಬಿತ್ತು."

"ಗುದ್ದಿದ್ದು ಯಾರು?"

"ಅದನ್ನ ಇದೇ ಹೇಳಬೇಕು." ಮೇಜಿನ ಮೇಲಿದ್ದ ಡ್ರೋನ್ ಕಡೆಗೆ ಬೆರಳು ತೋರಿಸಿದಳು. "ಅಲ್ಲಿದ್ದದ್ದು ನನ್ನ ಮಕ್ಕಳಿಬ್ಬರೇ. ಗುದ್ದಿದವರು ಯಾರೇ ಆಗಲಿ, ಇವತ್ತೇ ನನ್ನ ಮನೆ ಬಿಡಬೇಕು."

ಬೀರು ನಡುಗಿದ. ಸಣಕಲ ಬೆವರಿದ.

ಕೆಲಸಕ್ಕೆ ಇಳಿದೆ. ವಿಡಿಯೋ ಡ್ರೋನಿನ ಒಳಗಿನ ಮೆಮೊರಿಯಲ್ಲಿತ್ತು. ಅದು ಈಚೆ ಬರಬೇಕಾದರೆ ಡ್ರೋನ್ ಸ್ವಲ್ಪ ಹೊತ್ತಾದರೂ ಉಸಿರಾಡಬೇಕು. ಬ್ಯಾಟರಿ ಕಿತ್ತೆ. ಬೋರ್ಡ್ ಬಿಚ್ಚಿ, ಸ್ಪಿರಿಟ್ ಹಾಕಿ ಬ್ರಷ್ಷಿನಿಂದ ಉಜ್ಜಿದೆ. ಬಿಸಿಗಾಳಿ ಹಿಡಿದು ಒಣಗಿಸಿದೆ. ಚಿಪ್ ಮೇಲೆ ಕೂತಿದ್ದ ಲೋಹದ ತಗಡನ್ನು ಎತ್ತಿದರೆ...

ಅಡಿಯಲ್ಲಿದ್ದ ಥರ್ಮಲ್ ಪೇಸ್ಟ್ ನೀರು ಕುಡಿದು, ಒಡೆದ ಹಾಲಿನ ಹಾಗೆ ಗಂಟುಗಂಟಾಗಿತ್ತು. ಚೂರೂ ಬಿಡದೆ ಒರೆಸಿ ತೆಗೆದೆ.

"ಹೊಸದು ಹಚ್ಚಬೇಕು," ಎಂದೆ. "ಚಿಪ್ಪಿನ ಬಿಸಿ ತಗಡಿಗೆ ದಾಟೋದೇ ಈ ಪೇಸ್ಟ್‌ನಿಂದ. ಇಲ್ಲದೆ ಆನ್ ಮಾಡಿದರೆ ಚಿಪ್ ಸುಟ್ಟುಹೋಗುತ್ತೆ. ವಿಡಿಯೋಗೆ ಎಳ್ಳುನೀರು."

ಪೇಸ್ಟಿನ ಸಿರಿಂಜ್ ಮೇಜಿನ ತುದಿಯಲ್ಲಿತ್ತು. ಕೈ ಚಾಚಿದೆ.

ಸಿರಿಂಜ್ ಇರಲಿಲ್ಲ!

ಸಣಕಲನೂ ಇರಲಿಲ್ಲ. ಶಟರ್ ಮೊಣಕಾಲೆತ್ತರಕ್ಕೆ ಎದ್ದಿತ್ತು.

"ಟೂತ್‌ಪೇಸ್ಟ್ ತರಲಾ?" ಬೀರು ಪಿಸುಗುಟ್ಟಿದ. "ಅದೂ ಬಿಳಿ, ಇದೂ ಬಿಳಿ..."

"ಅದರಲ್ಲೂ ನೀರಿರುತ್ತೆ ಕಣೋ. ಒಂದು ಸಲ ಮುಳುಗಿಸಿದ್ದು ಸಾಲದಾ?"

"ಏನಮ್ಮಾ," ದೊಡ್ಡಮ್ಮ ಟವೆಲ್ ಸರಿಮಾಡಿಕೊಂಡಳು. "ಪೇಸ್ಟ್ ಇಲ್ಲದೆ ವಾಪಸ್ ಬಂದರೆ, ನಾಳೆಯಿಂದ ನಿನಗೆ ಶಟರ್ ಎತ್ತೋ ಕೆಲಸ ಇರಲ್ಲ."

ಓಡಿದೆ.

ಸಣಕಲ ಪಕ್ಕದ ಲಾಂಡ್ರಿಗೆ ನುಗ್ಗಿದ್ದ. ಒಳಗೆ ಕೋಟುಗಳು ಸಾಲಾಗಿ ನೇತಾಡುತ್ತಿದ್ದವು. ಒಂದು ಕೋಟಿಗೆ ಮಾತ್ರ ಕಾಲುಗಳಿದ್ದವು.

"ಈಚೆ ಬಾ."

ಕೋಟು ಓಡಿತು.

ಹಿಂಬಾಗಿಲು... ಗಲ್ಲಿ... ಗಲ್ಲಿಯ ಕೊನೆಯಲ್ಲಿ ಲಾರಿ. ಇಬ್ಬರು ಹಮಾಲರು ಸೋಫಾ ಇಳಿಸುತ್ತಿದ್ದರು. ಸಣಕಲ ಎಡವಿ ಅದರ ಮೇಲೆ ಬಿದ್ದ. ನಾನು ಅವನ ಪಕ್ಕ ಬಿದ್ದು, ಅವನ ಮಣಿಕಟ್ಟು ಹಿಡಿದುಕೊಂಡೆ.

"ಇಳಿಯೋದಾದ್ರೆ ಇಳೀರಿ," ಎಂದ ಮುಂದಿನ ಹಮಾಲಿ, ತಿರುಗಿಯೂ ನೋಡದೆ. "ಇಲ್ಲಾಂದ್ರೆ ಮೂರನೇ ಮಹಡಿಗೆ ಬರ್ತೀರಿ."

"ಸಿರಿಂಜ್ ಕೊಡು," ಎಂದೆ.

"ಕೊಡಲ್ಲ."

"ನೀನೇ ಗುದ್ದಿದ್ಯಾ?"

"ನಾನಲ್ಲ. ಅಣ್ಣನೇ ಇರಬೇಕು. ವಿಡಿಯೋ ಸಿಕ್ಕಿದರೆ ಅವನು ಮನೆ ಬಿಡ್ತಾನೆ. ಆಮೇಲೆ ಅಮ್ಮನ ಜೊತೆ ನಾನೊಬ್ಬನೇ ಇರಬೇಕು. ಒಬ್ಬನೇ, ಅಕ್ಕಾ..."

ತುಂಬ ಜನ ಹೆದರಿದ್ದನ್ನು ಕಂಡಿದ್ದೇನೆ. ಆ ಮುಖದಲ್ಲಿದ್ದದ್ದು ಕಲಬೆರಕೆಯಿಲ್ಲದ ಭಯ. ಒಂದು ಕ್ಷಣ ನನ್ನ ಹಿಡಿತ ಸಡಿಲವಾಯಿತು.

ಅಷ್ಟೇ ಸಾಕಾಯಿತು. ಅವನು ಸಿರಿಂಜನ್ನು ಒತ್ತಿ, ಇದ್ದ ಪೇಸ್ಟನ್ನೆಲ್ಲ ಅಂಗೈಗೆ ಸುರಿದುಕೊಂಡು ಪ್ಯಾಂಟಿಗೆ ಒರೆಸಿಬಿಟ್ಟ.

"ಮುಗೀತು," ಎಂದ.

ಮುಗಿದಿರಲಿಲ್ಲ. ಸಿರಿಂಜಿನ ಮೂತಿಯಲ್ಲಿ ಅಕ್ಕಿಕಾಳಷ್ಟು ಉಳಿದಿತ್ತು. ಚಿಪ್ಪಿಗೆ ಬೇಕಾದದ್ದೂ ಅಷ್ಟೇ. ಹೆಚ್ಚು ಹಾಕಿದರೆ ಪಕ್ಕಕ್ಕೆ ಹರಿದು ಗಲೀಜು.

ಸಿರಿಂಜ್ ಕಿತ್ತುಕೊಂಡು ಸೋಫಾದಿಂದ ಇಳಿದೆ. ಅವನನ್ನೂ ಕಿವಿ ಹಿಡಿದು ಇಳಿಸಿದೆ.

ಅಂಗಡಿಗೆ ಬಂದು ಸೂಜಿಯಿಂದ ಆ ಅಕ್ಕಿಕಾಳನ್ನು ಕೆದಕಿ ಚಿಪ್ಪಿನ ನಡುವೆ ಇಟ್ಟೆ. ತಗಡು ಒತ್ತಿದೆ. ಸ್ಕ್ರೂ ಬಿಗಿದೆ. ನನ್ನದೊಂದು ಬ್ಯಾಟರಿ ಹಾಕಿ ಕಂಪ್ಯೂಟರಿಗೆ ಜೋಡಿಸಿದೆ.

ಮೂವರೂ ಮೇಜಿನ ಮೇಲೆ ಬಗ್ಗಿದರು.

ಹಸಿರು ದೀಪ ಹತ್ತಿತು. ತಗಡು ಮುಟ್ಟಿ ನೋಡಿದೆ. ಹದವಾಗಿ ಬೆಚ್ಚಗಿತ್ತು. ಪೇಸ್ಟ್ ತನ್ನ ಕೆಲಸ ಮಾಡುತ್ತಿತ್ತು.

ಪರದೆಯ ಮೇಲೆ ಈಜುಕೊಳ ಮೂಡಿತು. ದೂರದಲ್ಲಿ ಒಂದು ಕಡೆ ಬೀರು, ಎರಡೂ ಕೈಯಲ್ಲಿ ಕುರ್ಚಿ ಹೊತ್ತು ಬರುತ್ತಿದ್ದ. ಇನ್ನೊಂದು ಕಡೆ ಸಣಕಲ ಬಲೂನು ಊದುತ್ತಿದ್ದ. ನೀರಿನ ಅಂಚಿನಲ್ಲಿ ದೊಡ್ಡಮ್ಮನ ಬೆನ್ನು. ತಲೆ ತಗ್ಗಿಸಿ, ಕೈಯಲ್ಲಿದ್ದ ಏನನ್ನೋ ಹೆಬ್ಬೆರಳಿನಿಂದ ಸಿಟ್ಟಿನಲ್ಲಿ ಒತ್ತುತ್ತಿದ್ದಳು. ಬೆನ್ನು ದೊಡ್ಡದಾಯಿತು. ಇನ್ನೂ ದೊಡ್ಡದಾಯಿತು. ಪರದೆ ತುಂಬ ಬೆನ್ನೇ.

ಆಮೇಲೆ ಬರೀ ನೀರು.

"ಅಮ್ಮಾ," ಬೀರು ಹೆದರುತ್ತಲೇ ಕೇಳಿದ, "ಅದು ರಿಮೋಟ್ ಅಲ್ವಾ? ಕುರ್ಚಿ ತರೋಕೆ ಹೋಗುವಾಗ ನಿನ್ನ ಕೈಗೆ ಕೊಟ್ಟಿದ್ನಲ್ಲ..."

ತನ್ನ ಬೆನ್ನಿಗೆ ಡ್ರೋನಿನಿಂದ ಗುದ್ದಿಸಿಕೊಂಡವಳು ಅವಳೇ.

"ಹಾಗಾದ್ರೆ," ಸಣಕಲನ ಕಣ್ಣಲ್ಲಿ ಎಂಥದೋ ಆಸೆ ಮಿನುಗಿತು, "ಮನೆ ಬಿಡೋದು..."

ದೊಡ್ಡಮ್ಮ ಟವೆಲ್ ಕೊಡವಿ ಮತ್ತೆ ಹೆಗಲಿಗೆ ಹಾಕಿಕೊಂಡಳು. ಆಮೇಲೆ ಎದ್ದು, ತೀರ್ಪು ಕೊಟ್ಟಳು.

"ಗುದ್ದಿದ್ದು ಡ್ರೋನು. ಅದೇ ಮನೆ ಬಿಡಲಿ."

ಮಕ್ಕಳಿಬ್ಬರ ರಟ್ಟೆ ಹಿಡಿದು ಹೊರಟಳು. ಇಬ್ಬರೂ ತಿರುಗಿ ತಿರುಗಿ ಡ್ರೋನನ್ನೇ ನೋಡುತ್ತಾ ಹೋದರು.

ಅದು ಈಗಲೂ ನನ್ನ ಅಂಗಡಿಯಲ್ಲಿದೆ. ಚೆನ್ನಾಗಿ ಹಾರುತ್ತದೆ.

ಆ ಮನೆಯಿಂದ ಬಿಡುಗಡೆ ಸಿಕ್ಕಿದ್ದು ಅದೊಂದಕ್ಕೇ.