ಎರಡು ಪೌಂಡು ಗಾಳಿ

"ನನ್ನ ಕಾಲೇ ಕೆಟ್ಟುಹೋಗಿದೆ ಕಣೇ," ಎಂದ ಎಫ್ರಾಯಿನ್, ಹೆಲ್ಮೆಟ್ ತೆಗೆದು ತೊಡೆಯ ಮೇಲಿಟ್ಟುಕೊಂಡು. "ಕ್ಲಚ್ ಬಿಟ್ಟ ತಕ್ಷಣ ಹಿಂದಿನ ಚಕ್ರ ಜಾರುತ್ತೆ. ಮೊದಲು ಹೀಗಿರಲಿಲ್ಲ."

ನೆರೈದಾ ಕಾರಿನ ಹಿಂದಿನ ಚಕ್ರದ ಪಕ್ಕದಲ್ಲಿ ಮೊಣಕಾಲೂರಿ ಕೂತಿದ್ದಳು. ಕೈಯಲ್ಲಿ ಗಾಳಿ ಅಳೆಯುವ ಗೇಜು. ತಲೆ ಎತ್ತಲಿಲ್ಲ. ಎತ್ತಿದರೆ ಅವನ ಕಣ್ಣಿಗೆ ಸಿಕ್ಕಿಬೀಳುತ್ತಾಳೆಂಬ ಭಯ.

"ಬಿಸಿಲಿಗೆ ರಸ್ತೆ ಕಾದಿದೆ, ಅದಕ್ಕೆ," ಎಂದಳು.

"ಚಾಗೋಗೇನು ಬೇರೆ ಬಿಸಿಲಾ? ಅವನ ಕಾರು ಹಲ್ಲಿ ಗೋಡೆಗೆ ಅಂಟಿದ ಹಾಗೆ ಅಂಟ್ಕೊಂಡು ಹೋಗುತ್ತೆ. ನಂದು ಮಾತ್ರ ಎಣ್ಣೆ ಮೇಲೆ ಕಾಲಿಟ್ಟ ಎಮ್ಮೆ."

ನಗಿಸಲೆಂದೇ ಹೇಳಿದ್ದು. ಆದರೆ ಅವನ ದನಿಯಲ್ಲಿ ನಗು ಇರಲಿಲ್ಲ.

ನಿಜ ಹೇಳಬೇಕೆಂದರೆ ಎಫ್ರಾಯಿನನ ಕಾಲಿಗೆ ಏನೂ ಆಗಿರಲಿಲ್ಲ. ಆಗಿದ್ದೆಲ್ಲ ನೆರೈದಾಳ ಎದೆಗೆ. ಪೋರ್ಟೊ ರಿಕೊದ ದಕ್ಷಿಣ ತೀರದಲ್ಲಿ, ಹಿಂದೆ ಕಬ್ಬು ಬೆಳೆಯುತ್ತಿದ್ದ ಬಯಲಲ್ಲಿ ಕಾರು ಓಟದ ಈ ಪಟ್ಟಿ. ಭಾನುವಾರ ಪೂಜೆ ಮುಗಿಸಿ ಇಗರ್ಜಿಯಿಂದ ನೇರ ಇಲ್ಲಿಗೇ ಬರುವವರು ಬಹಳ. ಎರಡು ಕಾರು, ಒಂದು ನೇರ ರಸ್ತೆ, ಒಂದು ಹಸಿರು ದೀಪ. ದೀಪ ಬೆಳಗಿದರೆ ಕಣ್ಣು ಮಿಟುಕಿಸುವುದರೊಳಗೆ ಎಲ್ಲ ಮುಗಿದಿರುತ್ತದೆ. ಹೋದ ವರ್ಷ ಇದೇ ಪಟ್ಟಿಯ ಮೇಲೆ, ಸಮುದ್ರದ ಗಾಳಿ ಎದ್ದ ಹೊತ್ತಿನಲ್ಲಿ, ಎಫ್ರಾಯಿನನ ಕಾರು ಅಡ್ಡಡ್ಡ ಜಾರಿ ಸಿಮೆಂಟು ಗೋಡೆಯ ಕಡೆಗೆ ಹೋಗಿತ್ತು. ಅವನು ತಕ್ಷಣ ಆಕ್ಸಿಲರೇಟರಿನಿಂದ ಕಾಲು ಎತ್ತಿದ. ಕಾರು ಗೋಡೆಗೆ ಮೈ ಉಜ್ಜಿಕೊಂಡು, ಒಂದು ಪಕ್ಕದ ಚಕ್ರ ಎದ್ದು, ಮತ್ತೆ ನೆಲಕ್ಕೆ ಬಿದ್ದು ನಿಂತಿತು. ನೆರೈದಾ ಓಡಿ ಹೋಗಿ ನೋಡಿದರೆ ಈ ಮಹಾರಾಯ ಕಿಟಕಿಯಿಂದ ತಲೆ ಹೊರಹಾಕಿ, "ಟೈಮ್ ಎಷ್ಟು ಬಂತು?" ಎಂದಿದ್ದ!

ಅಂದಿನಿಂದ ಅವಳಿಗೆ ನಿದ್ದೆಯಲ್ಲೂ ಆ ಗೋಡೆಯೇ.

ಅವಳದು ಅಪ್ಪನ ಟೈರ್ ಅಂಗಡಿ. ನಡೆಯಲು ಕಲಿಯುವ ಮೊದಲೇ ಪಂಕ್ಚರ್ ತೊಟ್ಟಿಗೆ ಕೈ ಹಾಕಿದವಳು ಅವಳು. ಕಾರು ಕಟ್ಟಿದ ದಿನ ಎಫ್ರಾಯಿನ್ ಅವಳಿಗೆ ಒಂದು ಮಾತು ಕೊಟ್ಟಿದ್ದ: "ಚಕ್ರ ನಿಂದು, ಕ್ಲಚ್ ನಂದು. ನಿನ್ನ ಗೇಜನ್ನ ನಾನು ಮುಟ್ಟಲ್ಲ. ನನ್ನ ಪೆಡಲ್ ಬಗ್ಗೆ ನೀನು ಉಸಿರೆತ್ತಬೇಡ." ಈ ಆಟದಲ್ಲಿ ಅದು ಮದುವೆಗಿಂತ ದೊಡ್ಡ ನಂಬಿಕೆ. ಚಕ್ರದಲ್ಲಿ ಗಾಳಿ ಕಡಿಮೆಯಿದ್ದರೆ ರಬ್ಬರು ಅಗಲವಾಗಿ ಕೂತು ರಸ್ತೆಯನ್ನು ಕಚ್ಚುತ್ತದೆ. ಸ್ವಲ್ಪ ಹೆಚ್ಚಾದರೆ ಸಾಕು, ಜಾರುತ್ತದೆ, ಕಾರು ಹೊರಡುವುದು ನಿಧಾನವಾಗುತ್ತದೆ.

ನೆರೈದಾ ಎರಡು ಪೌಂಡು ಹೆಚ್ಚಿಗೆ ಹಾಕುತ್ತಿದ್ದಳು. ಪ್ರತಿ ಸಲ.

ನಿಧಾನ ಹೊರಟರೆ ಸೋಲುತ್ತಾನೆ, ಸೋತರೆ ಮೊದಲ ಸುತ್ತಿನಲ್ಲೇ ಮನೆಗೆ ಹೋಗುತ್ತಾನೆ, ತನ್ನ ಸಾಕಿದ ಅತ್ತೆಯ ಕೈಯ ಅನ್ನ ಕಾಳುಸಾರು ಉಂಡು ಸುಖವಾಗಿ ಮಲಗುತ್ತಾನೆ. ಇಷ್ಟೇ ಅವಳ ಲೆಕ್ಕ. ವರ್ಷವಿಡೀ ಲೆಕ್ಕ ಸರಿಯಾಗೇ ಇತ್ತು. ಇವತ್ತು ಮಾತ್ರ ಗ್ರಹಚಾರ ಕೆಟ್ಟಿತು. ಎದುರಾಳಿಗಳಲ್ಲಿ ಒಬ್ಬ ದೀಪಕ್ಕೂ ಮೊದಲೇ ಹೊರಟು ಹೊರಬಿದ್ದ, ಇನ್ನೊಬ್ಬನ ಗೇರ್‌ಬಾಕ್ಸ್ ಮುರಿಯಿತು. ಜಾರುತ್ತ ಜಾರುತ್ತಲೇ ಎಫ್ರಾಯಿನ್ ಫೈನಲಿಗೆ, ಚಾಗೋನ ಎದುರಿಗೆ ಬಂದು ನಿಂತಿದ್ದ.

"ಒಂದು ತೀರ್ಮಾನ ಮಾಡಿದ್ದೀನಿ," ಎಂದ ಅವನು. "ಈ ಸಲ ಎಂಜಿನ್ ಇನ್ನೂ ಎತ್ತರಕ್ಕೆ ಕೂಗಿಸಿ ಕ್ಲಚ್ ಬಿಡ್ತೀನಿ. ಜಾರಿದ್ರೂ ಸರಿ, ಅಡ್ಡ ಹೋದ್ರೂ ಸರಿ, ಕಾಲು ಎತ್ತಲ್ಲ."

ಗೇಜು ಅವಳ ಕೈಯಿಂದ ಬಿತ್ತು.

"ಏನಂದೆ?"

"ಕಾಲು ಎತ್ತಲ್ಲ ಅಂದೆ. ಕೌಶಲ ಹೋದ ಮೇಲೆ ಉಳಿಯೋದು ಧೈರ್ಯ ತಾನೆ? ಯಾಕೆ ಹಾಗೆ ದೆವ್ವ ನೋಡಿದ ಹಾಗೆ ನೋಡ್ತೀಯ? ಚೆನ್ನಾಗಿ ಕಾಣ್ತಿದ್ದೀನಾ?"

ಒಂದು ಹುಬ್ಬು ಎತ್ತಿದ. ಬೆವರಿನಲ್ಲಿ ಹಣೆಗೆ ಅಂಟಿದ ಕೂದಲು, ಮೂಗಿನ ಮೇಲೆ ಒಂದು ಗೆರೆ ಗ್ರೀಸು. ಚೆನ್ನಾಗಿಯೇ ಕಾಣುತ್ತಿದ್ದ, ಹಾಳಾದವನು.

ಧ್ವನಿವರ್ಧಕ ಅವರ ಹೆಸರು ಕೂಗಿತು. ಈಗಲೇ ಆ ಎರಡು ಪೌಂಡು ಬಿಟ್ಟುಬಿಡಲೇ ಎಂದು ಅವಳು ಚಕ್ರದ ವಾಲ್ವಿಗೆ ಬೆರಳಿಟ್ಟಳು. ಇಟ್ಟ ಬೆರಳು ಅಲ್ಲೇ ನಿಂತಿತು. ಜಾರುವ ಚಕ್ರಕ್ಕೆ ಒಗ್ಗಿದ ಕಾಲು ಅವನದು. ಹೇಳದೆ ಕೇಳದೆ ಚಕ್ರ ರಸ್ತೆಯನ್ನು ಕಚ್ಚಿದರೆ, ಅಷ್ಟು ಜೋರಿನಲ್ಲಿ ಬಿಟ್ಟ ಕಾರು ಮೂತಿ ಎತ್ತಿ ಎತ್ತ ಹಾರುತ್ತದೋ ದೇವರೇ ಬಲ್ಲ. ಗಾಳಿ ಬಿಟ್ಟರೂ ಅಪಾಯ, ಬಿಡದಿದ್ದರೂ ಅಪಾಯ. ತಾನೇ ತೋಡಿದ ಹಳ್ಳ, ಬೀಳುವವನು ಮಾತ್ರ ಅವನು.

ಎಫ್ರಾಯಿನ್ ಅತ್ತೆಯ ಬಳಿ ಹೋಗಿ ಬಗ್ಗಿದ. ಅವನನ್ನು ಸಾಕಿ ಬೆಳೆಸಿದ ಮೊನ್ಸಿತಾ ಅತ್ತೆ ಬೇಲಿಯ ಪಕ್ಕ ಕೊಡೆ ಕಟ್ಟಿದ ಕುರ್ಚಿಯಲ್ಲಿ ಕೂತಿದ್ದಳು, ಮಡಿಲಲ್ಲಿ ಕಾಫಿ ಫ್ಲಾಸ್ಕು, ಬೆರಳಲ್ಲಿ ಜಪಮಾಲೆ.

"ಆಶೀರ್ವಾದ ಮಾಡು ಅತ್ತೆ."

"ದೇವರು ಕಾಪಾಡ್ಲಿ ಮಗನೆ." ಹೇಳಿ ಕಣ್ಣು ಮುಚ್ಚಿದಳು. ಮೊನ್ಸಿತಾ ಅತ್ತೆ ಒಂದು ರೇಸನ್ನೂ ತಪ್ಪಿಸಿಕೊಂಡವಳಲ್ಲ, ಒಂದು ರೇಸನ್ನೂ ನೋಡಿದವಳಲ್ಲ. ಹೊರಡುವಾಗ ಕಣ್ಣು ಮುಚ್ಚುತ್ತಾಳೆ, ಆಮೇಲೆ ನೆರೈದಾಳನ್ನು "ಬಂದನಾ?" ಎಂದು ಕೇಳುತ್ತಾಳೆ. "ಬಂದ ಅತ್ತೆ" ಎಂದ ಮೇಲೆಯೇ ಕಣ್ಣು ಬಿಡುವುದು.

ಕಾರಿನ ಒಳಗೆ ಹಿಂದಿನ ಸೀಟು, ಬಾಗಿಲ ಹೊದಿಕೆ, ರೇಡಿಯೋ ಎಲ್ಲ ಕಿತ್ತು ಹಗುರ ಮಾಡಿದ್ದರಿಂದ ಆ ಹಳೇ ಟೊಯೊಟಾಗೆ ಇವರಿಟ್ಟ ಹೆಸರು ಸಣಕಲಿ. ಸಣಕಲಿ ನೀರು ಚೆಲ್ಲಿದ ಜಾಗದಲ್ಲಿ ನಿಂತು, ರಬ್ಬರು ಕಾಯಲೆಂದು ಹಿಂದಿನ ಚಕ್ರಗಳನ್ನು ಗಿರಗಿರನೆ ತಿರುಗಿಸಿತು. ರಬ್ಬರು ಸುಟ್ಟು ಬಿಳಿ ಹೊಗೆ ಎದ್ದಿತು. ಆಮೇಲೆ ಕಾರು ಹಿಂದಕ್ಕೆ ಬರಬೇಕು, ತಾನೇ ಬಳಿದ ಕರಿ ಗೆರೆಗಳ ಮೇಲೆ ಸರಿಯಾಗಿ ನಿಲ್ಲಬೇಕು. ಒಳಗಿದ್ದವನಿಗೆ ಗೆರೆ ಕಾಣುವುದಿಲ್ಲ. ಕಾರಿನ ಮುಂದೆ ನಿಂತು ಕೈಸನ್ನೆಯಲ್ಲಿ ದಾರಿ ತೋರುವವಳು ನೆರೈದಾ.

ಇದು ಅವರಿಬ್ಬರ ಹೊತ್ತು. ಇಡೀ ಮೈದಾನ ನೋಡುತ್ತಿದ್ದರೂ ಅವನು ಅವಳ ಕೈಯನ್ನಷ್ಟೇ ನೋಡುತ್ತಾನೆ, ಅವಳು ಅವನ ಕಣ್ಣನ್ನಷ್ಟೇ. ಸ್ವಲ್ಪ ಎಡಕ್ಕೆ. ಇನ್ನೂ ಸ್ವಲ್ಪ. ಸಾಕು. ಕಾರು ಗೆರೆಗೆ ಕೂತ ಮೇಲೆ ಅವನು ಒಂದು ಕಣ್ಣು ಹೊಡೆಯುತ್ತಾನೆ, ಅವಳು ನಾಲಿಗೆ ಚಾಚಿ ಅಣಕಿಸಿ ಪಕ್ಕಕ್ಕೆ ಸರಿಯುತ್ತಾಳೆ. ಪ್ರೀತಿ ಎಂಬ ಮಾತನ್ನು ಇಬ್ಬರೂ ಬಾಯಿಬಿಟ್ಟು ಆಡಿದವರಲ್ಲ.

ಇವತ್ತೂ ಕಾರು ಗೆರೆಗೆ ಕೂತಿತು. ಇವತ್ತೂ ಅವನು ಕಣ್ಣು ಹೊಡೆದ. ಅವಳ ಬೆನ್ನ ಹಿಂದೆ ಸಮುದ್ರದ ಗಾಳಿ ಬೀಸಿ ಬೇಲಿಯ ಬಾವುಟಗಳು ಪಟಪಟ ಎಂದವು. ನೆರೈದಾ ಸರಿಯಲಿಲ್ಲ. ಎರಡೂ ಕೈ ತಲೆಯ ಮೇಲೆತ್ತಿ ಅಡ್ಡ ಕಟ್ಟಿದಳು.

ಎಂಜಿನ್ ಆರಿಸು ಎಂದು ಅದರ ಅರ್ಥ. ಎಣ್ಣೆ ಸೋರಿದರೆ, ಬೆಂಕಿ ಕಂಡರೆ ಮಾತ್ರ ಕೊಡುವ ಸನ್ನೆ. ಕೊಟ್ಟರೆ ಓಟ ಬಿಟ್ಟುಕೊಟ್ಟಂತೆ.

ಎಫ್ರಾಯಿನ್ ಒಂದು ಗಳಿಗೆ ಅವಳನ್ನೇ ನೋಡಿದ. ಆಮೇಲೆ ಎಂಜಿನ್ ಆರಿಸಿದ.

ಪಕ್ಕದ ಸಾಲಿನಲ್ಲಿ ಚಾಗೋ ಒಬ್ಬನೇ ಓಡಿ ಗೆದ್ದ. ಜನ ಹೋ ಎಂದು ಕೂಗಿ ಗೇಲಿ ಮಾಡಿದರು. ಸಣಕಲಿಯನ್ನು ತಳ್ಳಿಕೊಂಡು ವಾಪಸು ತಂದದ್ದೇ ತಡ, ಎಫ್ರಾಯಿನ್ ಬಾನೆಟ್ ಎತ್ತಿ ಇಣುಕಿದ.

"ಏನು ಸೋರ್ತಿದೆ? ಎಲ್ಲಿ?"

"ಏನೂ ಸೋರ್ತಿಲ್ಲ."

"ಮತ್ತೆ?"

"ಚಕ್ರದಲ್ಲಿ ಗಾಳಿ ಹೆಚ್ಚಿದೆ. ಎರಡು ಪೌಂಡು. ನಾನೇ ಹಾಕಿದ್ದು." ಅವಳು ಹಿಂದಿನ ಚಕ್ರದ ಕಡೆ ಕೈ ತೋರಿಸಿದಳು. "ಇವತ್ತೊಂದೇ ಸಲ ಅಲ್ಲ. ಆ ಗೋಡೆ ಆದಾಗಿನಿಂದ. ಪ್ರತಿ ಸಲ."

ಅವನು ಬಾನೆಟ್ ನಿಧಾನವಾಗಿ ಇಳಿಸಿದ.

"ವರ್ಷವೆಲ್ಲ?"

"ಹೂಂ."

"ನಾನು ಬೆಳಿಗ್ಗೆ ಎದ್ದು ಮಂಚದ ಪಕ್ಕದಲ್ಲಿ ಕೂತು ಕ್ಲಚ್ ಬಿಡೋ ಹಾಗೆ ಕಾಲು ಎತ್ತಿ ಇಳಿಸಿ ಅಭ್ಯಾಸ ಮಾಡ್ತಿದ್ದೆ ಕಣೇ. ಚಪ್ಪಲಿ ಹಾಕ್ಕೊಂಡು, ಹಾಕ್ಕೊಳ್ಳದೆ. ಹುಚ್ಚನ ಹಾಗೆ. ನನ್ನ ಕಾಲೇ ಹೋಯ್ತು ಅಂತ... ಯಾಕೆ ಮಾಡಿದೆ?"

"ನೀನು ಸಾಯೋದನ್ನ ನೋಡೋಕಾಗಲ್ಲ ನನಗೆ, ಅದಕ್ಕೆ!" ಅಳು ಒತ್ತರಿಸಿ ಬಂತು. "ನೀನಂದ್ರೆ ನನಗೆ ಪ್ರಾಣ. ಸಾಕಾ? ಕೇಳಿಸ್ತಾ? ಕಾಲು ಎತ್ತಲ್ಲ ಅಂತೀಯಲ್ಲ, ಅದೂ ನನ್ನಿಂದಾನೇ. ನಿನ್ನ ಉಳಿಸೋಕೆ ಹೋಗಿ ನಾನೇ ನಿನ್ನ ಗೋಡೆಗೆ ಕಳಿಸ್ತಿದ್ದೆ."

ಅವನು ಬೆನ್ನು ತಿರುಗಿಸಿ ಹೊರಟುಹೋದ. ಮುಗಿಯಿತು ಎಂದುಕೊಂಡಳು ನೆರೈದಾ. ಗೋಡೆಯ ಭಯವೇ ದೊಡ್ಡದು ಎಂದುಕೊಂಡಿದ್ದಳು ಇಷ್ಟು ದಿನ. ದೂರ ಹೋಗುತ್ತಿರುವ ಆ ಬೆನ್ನನ್ನು ನೋಡುವುದು ಅದಕ್ಕಿಂತ ಭಯಂಕರವಾಗಿತ್ತು.

ಅವನು ಹೋಗಿ ಕೂತದ್ದು ಅತ್ತೆಯ ಕಾಲಬುಡದಲ್ಲಿ. ಗಾಳಿ ಮಾತನ್ನು ಇತ್ತ ಹೊತ್ತು ತಂದಿತು.

"ವರ್ಷವೆಲ್ಲ ಚಕ್ರಕ್ಕೆ ಜಾಸ್ತಿ ಗಾಳಿ ತುಂಬಿ ಅವಳು ನನಗೆ ಮೋಸ ಮಾಡಿದಳು ಅತ್ತೆ."

"ಮಾಡಿದಳು, ಇಲ್ಲ ಅನ್ನಲ್ಲ." ಅತ್ತೆ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿದಳು. "ಹೆದರಿದವರು ಒಬ್ಬೊಬ್ಬರು ಒಂದೊಂದು ಹುಚ್ಚು ಮಾಡ್ತಾರೆ. ನಾನು ಕಣ್ಣು ಮುಚ್ಕೋತೀನಿ. ಅವಳು ಗಾಳಿ ತುಂಬಿದಳು. ನೀನು ಹೆದರಿದಾಗ ಏನು ಮಾಡ್ತೀಯೋ?"

ಎಫ್ರಾಯಿನ್ ನೆಲದ ಹುಲ್ಲೊಂದು ಕಿತ್ತು ಬೆರಳಿಗೆ ಸುತ್ತಿದ. "ಕಾಲು ಎತ್ತಲ್ಲ," ಎಂದ ಕೊನೆಗೆ.

"ಹಾಂ. ಮೂವರಲ್ಲಿ ದೊಡ್ಡ ಹುಚ್ಚ ಯಾರು ಅಂತ ನೀನೇ ಹೇಳು. ಕಾಫಿ ಕುಡಿ."

ಅವನು ಕುಡಿದ. ಎದ್ದು ಬಂದ. ನೆಲದ ಮೇಲಿದ್ದ ಗೇಜನ್ನು ಎತ್ತಿ, ಷರಟಿಗೆ ಒರೆಸಿ, ಅವಳ ಮುಂದೆ ಹಿಡಿದ.

"ಫೈನಲ್ ಮುಗೀತು. ಆದರೆ ಸಂಜೆವರೆಗೂ ಪಟ್ಟಿ ತೆಗೆದೇ ಇರುತ್ತೆ, ಯಾರು ಬೇಕಾದ್ರೂ ಓಡಿಸಬಹುದು. ಸರಿಯಾದ ಗಾಳಿ ಹಾಕು."

"ನೀನೇ ಹಾಕ್ಕೋ. ಇನ್ನು ನನ್ನ ನಂಬಬೇಡ."

"ಗೇಜು ನಾನು ಮುಟ್ಟಲ್ಲ ಅಂತ ಮಾತು ಕೊಟ್ಟಿದ್ದೀನಿ. ಈಗ ಮುಟ್ಟಿದ್ದೇ ಜಾಸ್ತಿ ಆಯ್ತು, ಬೇಗ ತಗೋ." ಆಮೇಲೆ ದನಿ ತಗ್ಗಿಸಿದ. "ನಾನೂ ಹೆದರಿದ್ದೆ ಕಣೇ. ಓಡಿಸೋದು ಬಿಟ್ರೆ ನನ್ನ ಹತ್ರ ಇನ್ನೇನಿದೆ? ಅದೂ ಹೋದ್ರೆ ನೀನು ನನ್ನ ಕಡೆ ತಿರುಗಿ ನೋಡ್ತೀಯಾ ಅಂತ."

"ಗೂಬೆ," ಎಂದಳು ಅವಳು, ಅಳುತ್ತಲೇ. "ನಿನ್ನ ಓಟ ಯಾರು ನೋಡಿದ್ರು? ನಾನು ನೋಡೋದು ನೀನು ವಾಪಸು ಬರೋದನ್ನ."

ಬಗ್ಗಿ ವಾಲ್ವ್ ಒತ್ತಿದಳು. ಉಸ್ ಎಂದು ಗಾಳಿ ಹೊರಬಂತು. ಒಂದು ಪೌಂಡು. ಇನ್ನೊಂದು.

"ಚಕ್ರ ಕಚ್ಚುತ್ತೆ ಈಗ. ಎಂಜಿನ್ ಜಾಸ್ತಿ ಕೂಗಿಸಬೇಡ, ಮೊದಲಿನ ಹಾಗೆ ಬಿಡು," ಎಂದಳು. "ಆಮೇಲೆ, ಅಡ್ಡ ಹೋದ್ರೆ..."

"ಎತ್ತುತ್ತೀನಿ."

"ಅತ್ತೆ ಮೇಲೆ ಆಣೆ?"

"ನಿನ್ನ ಮೇಲೆ ಆಣೆ."

ಮತ್ತೆ ಹೊಗೆ, ಮತ್ತೆ ಕರಿ ಗೆರೆ. ಮತ್ತೆ ಅವಳು ಮುಂದೆ, ಅವನು ಗಾಜಿನ ಹಿಂದೆ. ಸ್ವಲ್ಪ ಎಡಕ್ಕೆ. ಸಾಕು. ಈ ಸಲ ಅವನು ಕಣ್ಣು ಹೊಡೆಯಲಿಲ್ಲ, ಸುಮ್ಮನೆ ನೋಡಿದ. ಆ ನೋಟಕ್ಕೆ ಅವಳ ಮುಖ ಬಿಸಿಯಾಯಿತು. ನಾಲಿಗೆ ಚಾಚುವುದನ್ನೂ ಮರೆತು ಪಕ್ಕಕ್ಕೆ ಸರಿದಳು. ಭಯ ಮಾತ್ರ ಒಂದು ಚೂರೂ ಕಡಿಮೆಯಾಗಿರಲಿಲ್ಲ.

ಹಸಿರು.

ಸಣಕಲಿ ಜಾರಲಿಲ್ಲ. ಮುಂದಿನ ಚಕ್ರ ಒಂದು ಗೇಣು ಎದ್ದು, ಬಾಣದ ಹಾಗೆ ನೇರ ಹೊರಟಿತು. ಗೇಲಿ ಮಾಡಿದವರ ಬಾಯಿಂದಲೇ "ಅಬ್ಬಾ!" ಬಂತು. ಎರಡನೇ ಗೇರು. ಮೂರು. ಜನರ ಸಾಲು ಮುಗಿದು ಬಯಲು ಶುರುವಾಗುವಲ್ಲಿ ಸಮುದ್ರದ ಗಾಳಿ ಕಾದು ಕೂತಿತ್ತು. ಕಾರಿನ ಬಾಲ ಅಲುಗಿತು. ಗೋಡೆಯ ಕಡೆಗೆ ವಾಲಿತು. ನೆರೈದಾ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಎತ್ತು. ಎತ್ತೋ. ದೇವರೇ, ಎತ್ತಿಸು.

ಎಂಜಿನ್ನಿನ ಕೂಗು ತಗ್ಗಿತು.

ಎತ್ತಿದ್ದ. ಕಾರು ನಡುಸಾಲಿಗೆ ಮರಳಿ, ಸಂತೆ ಮುಗಿಸಿದವರ ಹಾಗೆ ಮೆಲ್ಲಗೆ ತುದಿ ಮುಟ್ಟಿತು. ನೆರೈದಾ ಅಲ್ಲೇ ನೆಲದ ಮೇಲೆ ಕುಸಿದು ಕೂತು, ನಗುವೋ ಅಳುವೋ ತಿಳಿಯದೆ ಬಿಕ್ಕಿದಳು.

ವಾಪಸು ದಾರಿಯಲ್ಲಿ ಬಂದು ಅವನು ಇಳಿದಾಗ ಕೈಯಲ್ಲಿ ಟೈಮಿನ ಚೀಟಿ ಇತ್ತು.

"ನೋಡು, ಹೊರಟಿದ್ದು ನನ್ನ ಜನ್ಮದಲ್ಲೇ ಬೆಸ್ಟ್. ಕಾಲು ಸರಿ ಇದೆ ಕಣೇ, ಕಾಲು ಸರಿ ಇದೆ! ಕೊನೆ ಟೈಮ್ ಮಾತ್ರ ನೋಡಬೇಡ, ಅತ್ತೆ ನಡಿಗೆ ಇದಕ್ಕಿಂತ ಜೋರು. ಚಾಗೋ ಕೈಗೆ ಸಿಕ್ಕಿದ್ರೆ ಮಾನ ಹೋಗುತ್ತೆ."

ಅವಳು ಚೀಟಿ ಕಸಿದುಕೊಂಡಳು. ಹೊರಟ ಟೈಮನ್ನು ನೋಡಲಿಲ್ಲ. ಆ ಕೊನೆಯ ಕೆಟ್ಟ ಟೈಮನ್ನೇ ನೋಡಿದಳು, ಮಡಿಚಿ ಎದೆಯ ಜೇಬಿಗೆ ಇಟ್ಟುಕೊಂಡಳು.

"ಇದು ನಂದು," ಎಂದಳು.

"ಅದು ಸೋತ ಚೀಟಿ."

"ಬಂದ ಚೀಟಿ."

ಅವನು ಅವಳ ಮೂಗಿನ ಮೇಲಿದ್ದ ರಬ್ಬರಿನ ಮಸಿ ಒರೆಸಲು ಹೋಗಿ ತನ್ನ ಗ್ರೀಸನ್ನೂ ಬಳಿದ. ಅವಳು ಅವನ ಕಾಲರ್ ಹಿಡಿದು ಹತ್ತಿರ ಎಳೆದಳು.

ಬೇಲಿಯ ಪಕ್ಕದಿಂದ ಮೊನ್ಸಿತಾ ಅತ್ತೆ, ಕಣ್ಣು ಮುಚ್ಚಿಕೊಂಡೇ, ಕೂಗಿ ಕೇಳಿದಳು: "ಬಂದನಾ?"

ಉತ್ತರವಿಲ್ಲ.

"ನೆರೈದಾ! ಬಂದನೇನೇ?"

ಆಗಲೂ ಉತ್ತರವಿಲ್ಲ. ಅತ್ತೆ ಒಂದು ಕಣ್ಣು ತೆರೆದಳು. ಇಬ್ಬರನ್ನೂ ನೋಡಿದಳು. "ಬಂದ, ಬಂದ," ಎಂದು ತನಗೆ ತಾನೇ ಹೇಳಿಕೊಂಡು, ಆ ಕಣ್ಣನ್ನೂ ಮತ್ತೆ ಮುಚ್ಚಿದಳು.