ಎರಡು ಸುತ್ತು ಮುಂದಕ್ಕೆ

"ಇಳೀರಿ ಕೆಳಗೆ!"

ಅವಳ ಕೂಗಿಗೆ ಶೆಡ್ಡಿನ ತಗಡಿನ ಮೇಲಿದ್ದ ಪಾರಿವಾಳಗಳು ಬುರ್ರೆಂದು ಹಾರಿಹೋದವು.

ಅಂಗಳದ ತುಂಬ ಸುಟ್ಟ ಟೈರಿನ ವಾಸನೆ. ಗೇಟಿನೊಳಗೆ ಮೂತಿ ಮುಂದೆ ಮಾಡಿಕೊಂಡು ಬಂದಿದ್ದ ನೀಲಿ ಕಾರು ಈಗ ಅವಳಿಗೆ ಬೆನ್ನು ತೋರಿಸಿಕೊಂಡು ನಿಂತಿತ್ತು. ಅವಳ ಮೊಣಕಾಲಿಗೂ ಅದರ ಹಿಂದಿನ ಬಂಪರಿಗೂ ನಡುವೆ ಇದ್ದದ್ದು ಒಂದು ಗೇಣು... ಅಷ್ಟೇ!

ಬಾಗಿಲು ತೆರೆಯಿತು. ಇಳಿದವನ ಮುಖ ಬಿಳುಚಿಕೊಂಡಿತ್ತು. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಅಂಗಿಯ ಜೇಬಿನಲ್ಲಿ ಮೂರು ಪೆನ್ನು.

"ನಿಮಗೆ... ಏಟಾಯ್ತಾ?"

"ಆಗಿದ್ದಿದ್ರೆ ಹೀಗೆ ನಿಂತ್ಕೊಂಡು ಬಯ್ತಿದ್ನಾ? ಯಾವ ಪುಣ್ಯಾತ್ಮ ರೀ ಈ ಕಾರಿಗೆ ಬ್ರೇಕ್ ಹಾಕಿದ್ದು?"

ಅವನು ತಲೆ ತಗ್ಗಿಸಿದ. "ನಾನೇ."

ಲೇತ್ ಯಂತ್ರದ ಹಿಂದೆ ನಿಂತಿದ್ದ ಅವಳ ಅಣ್ಣ ಪಕ್ಕನೆ ನಕ್ಕ.

"ಬ್ರೇಕ್ ಒತ್ತಿದ್ರೆ ಹಿಂದೆ ಸ್ವಲ್ಪ ಜಾರುತ್ತೆ. ಅದನ್ನ ತೋರಿಸೋಕೆ ಅಂತಾನೇ ಬಂದೆ..."

"ತೋರಿಸಿಬಿಟ್ರಲ್ಲ, ಬೇಕಾದಷ್ಟು!"

ಅವನು ಗಣಿತದ ಮೇಷ್ಟ್ರು. ರಜೆಯ ದಿನಗಳಲ್ಲಿ ಹಳೆಯ ಸಣ್ಣ ಕಾರೊಂದರ ಹಿಂದಿನ ಸೀಟು ಕಿತ್ತು, ಒಳಗೆ ಕಬ್ಬಿಣದ ಕೊಳವೆಗಳ ಪಂಜರ ಕೂರಿಸಿ, ರೇಸ್ ಟ್ರ್ಯಾಕಿನಲ್ಲಿ ಓಡಿಸಲೆಂದೇ ಆರು ವರ್ಷ ಅದನ್ನು ಕಟ್ಟಿದ್ದ. ಎಂಜಿನ್ ಬಲ ಹೆಚ್ಚಾದ ಮೇಲೆ ಬ್ರೇಕೂ ದೊಡ್ಡದಾಗಬೇಕು ಎನ್ನುವುದು ಅವನಿಗೆ ಹೊಳೆದಿತ್ತು. ಆದರೆ ನಾಲ್ಕು ಚಕ್ರಕ್ಕೂ ಒಂದೇ ಅಳತೆಯ ಬ್ರೇಕ್ ಡಿಸ್ಕ್, ಅದನ್ನು ಹಿಡಿದು ನಿಲ್ಲಿಸುವ ಒಂದೇ ಅಳತೆಯ ಕ್ಯಾಲಿಪರ್ ಹಾಕಿಬಿಟ್ಟಿದ್ದ.

ಅವಳು ಕಾರಿನಡಿ ತೂರಿ ನೋಡಿ ಹೊರಗೆ ಬಂದಳು. ನಗು ತಡೆಯಲಾಗಲಿಲ್ಲ.

"ಮೇಷ್ಟ್ರೇ, ನಾಲ್ಕಕ್ಕೂ ಸಮ ಸಮ ಹಂಚಿದ್ದೀರಲ್ಲ!"

"ಸಮ ಇದ್ರೆ ಒಳ್ಳೇದಲ್ವಾ?"

"ಬಸ್ಸಲ್ಲಿ ನಿಂತಿದ್ದಾಗ ಡ್ರೈವರ್ ಜೋರಾಗಿ ಬ್ರೇಕ್ ಹಾಕಿದ್ರೆ ನೀವು ಯಾವ ಕಡೆ ಮುಗ್ಗರಿಸ್ತೀರಿ?"

"ಮುಂದಕ್ಕೆ."

"ಕಾರಿನ ಭಾರವೂ ಹಾಗೇ ಮುಂದಕ್ಕೆ ಹೋಗುತ್ತೆ. ಹಿಂದಿನ ಚಕ್ರ ಹಗುರ ಆಗುತ್ತೆ. ಹಗುರ ಆದ ಚಕ್ರಾನ ನೀವು ಅಷ್ಟೇ ಬಲವಾಗಿ ಹಿಡಿದ್ರೆ ಅದು ತಿರುಗೋದೇ ನಿಂತು ಜಾರುತ್ತೆ. ಆಮೇಲೆ ಹಿಂದಿನದು ಮುಂದೆ ಬರುತ್ತೆ."

ಅವನು ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಬರೆದುಕೊಂಡ. ಬೈಸಿಕೊಂಡು, ಅದನ್ನು ಬರೆದೂ ಇಟ್ಟುಕೊಳ್ಳುವ ಗಂಡಸನ್ನು ಅವಳು ನೋಡಿದ್ದು ಅದೇ ಮೊದಲು!

*

ಟ್ರ್ಯಾಕಿಗೆ ಬರುವವರೆಲ್ಲ ಅವಳನ್ನು ಕರೆಯುವುದು 'ಬ್ರೇಕ್ ಅಕ್ಕ' ಎಂದು. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಹಾಗೇ ಕರೆಯುತ್ತಾರೆ.

"ನೋಡ್ದ್ಯಾ," ಎಂದ ಅಣ್ಣ ಎರಡನೇ ವಾರ. "ಊರಿಗೆಲ್ಲ ನೀನು ಅಕ್ಕ. ಈ ಮೇಷ್ಟ್ರು ಮಾತ್ರ ಅಪ್ಪಿತಪ್ಪಿ ಒಂದು ಸಲ ಅಕ್ಕ ಅಂದಿಲ್ಲ."

"ಕೆಲಸ ನೋಡ್ಕೋ ನೀನು."

"ನೋಡ್ಕೋತಿದ್ದೀನಿ. ಕಿವಿ ಖಾಲಿ ಇತ್ತಲ್ಲ, ಅದಕ್ಕೆ ಕೇಳಿಸ್ತು."

ಅವಳು ಮುಖ ತಿರುಗಿಸಿಕೊಂಡಳು. ಕೆನ್ನೆ ಬಿಸಿಯಾಗಿತ್ತು.

ಮುಂದಿನ ಚಕ್ರಗಳಿಗೆ ದೊಡ್ಡ ಡಿಸ್ಕ್, ಹಿಂದಕ್ಕೆ ಚಿಕ್ಕ ಕ್ಯಾಲಿಪರ್ ಬಂದವು. ಪೆಡಲಿನ ಹಿಂದೆ ಅಡ್ಡಲಾಗಿ ಒಂದು ಸರಳು ಕೂರಿಸಿದಳು. ಕಾಲಿನ ಒತ್ತಡದಲ್ಲಿ ಮುಂದಿನ ಚಕ್ರಕ್ಕೆಷ್ಟು ಪಾಲು, ಹಿಂದಿನದಕ್ಕೆಷ್ಟು ಎಂದು ಹಂಚುವುದು ಆ ಸರಳು. ಬಾನೆಟ್ ತೆಗೆದು, ಸ್ಪ್ಯಾನರ್ ಹಾಕಿ ತಿರುಗಿಸಿದರೆ ಪಾಲು ಬದಲಾಗುತ್ತದೆ.

ಆಮೇಲೆ ಬ್ರೇಕ್ ಎಣ್ಣೆಯ ಪೈಪುಗಳೊಳಗಿನ ಗಾಳಿ ತೆಗೆಯುವ ಕೆಲಸ. ಅದಕ್ಕೆ ಇಬ್ಬರು ಬೇಕು. ಅವನು ಸೀಟಿನಲ್ಲಿ, ಅವಳು ಚಕ್ರದ ಪಕ್ಕ ನೆಲದಲ್ಲಿ. ಒಬ್ಬರ ಮುಖ ಒಬ್ಬರಿಗೆ ಕಾಣದು.

"ಒತ್ತಿ."

"ಒತ್ತಿದೆ."

"ಹಿಡ್ಕೊಳ್ಳಿ... ಬಿಡಬೇಡಿ... ಹ್ಞಾಂ, ಈಗ ಬಿಡಿ."

ಪಾರದರ್ಶಕ ನಳಿಕೆಯಲ್ಲಿ ಗುಳ್ಳೆಗಳು ಒಂದೊಂದಾಗಿ ಹೊರಬಂದವು. ಒಂದು ಗಂಟೆ, ಎರಡು ಗಂಟೆ. ಒಮ್ಮೆಯೂ ಅವನು ಅವಸರ ಮಾಡಲಿಲ್ಲ. ಅವಳು ಹೇಳದೆ ಪೆಡಲ್ ಬಿಡಲಿಲ್ಲ.

'ಹೇಳಿದ್ದನ್ನ ಹೇಳಿದ ಹಾಗೆ ಮಾಡೋ ಮನುಷ್ಯ...' ನೆಲದ ಮೇಲೆ ಮಲಗಿಕೊಂಡೇ ಅವಳು ಅಂದುಕೊಂಡಳು. ಅಂದುಕೊಂಡಿದ್ದಕ್ಕೆ ತನಗೇ ಹೆದರಿಕೆಯಾಯಿತು.

ಹೆದರಿಕೆಗೆ ಕಾರಣವಿತ್ತು. ನಾಲ್ಕು ವರ್ಷದ ಹಿಂದೆ ಅವಳೇ ಹೊಂದಿಸಿದ ಬ್ರೇಕಿನ ಕಾರಿನಲ್ಲಿ ಅಣ್ಣ ಟ್ರ್ಯಾಕಿಗೆ ಇಳಿದಿದ್ದ. ತಿರುವಿನಲ್ಲಿ ಹಿಂದಿನ ಚಕ್ರ ಜಾರಿ, ಕಾರು ಗಿರ್ರನೆ ಸುತ್ತಿ ಗೋಡೆಗೆ ಬಡಿಯಿತು. ಅಂದಿನಿಂದ ಅಣ್ಣ ಎಡಗಾಲು ಎಳೆದುಕೊಂಡು ನಡೆಯುತ್ತಾನೆ. ಅವನು ಒಂದು ಮಾತೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಅವಳನ್ನು ತಿನ್ನುತ್ತಿತ್ತು.

*

ಟ್ರ್ಯಾಕಿನ ದಿನ ಬೆಳಗ್ಗೆ ಮೇಷ್ಟ್ರ ಮುಖದಲ್ಲಿ ಮಕ್ಕಳ ಸಂಭ್ರಮ. ಮೊದಲ ಎಂಟು ಸುತ್ತು ಮುಗಿಸಿ ಬಂದವನು ಹೆಲ್ಮೆಟ್ ತೆಗೆದ.

"ಏನು ರೀ ಇದು! ತಿರುವಿಗೆ ಮುಂಚೆ ನೂರು ಮೀಟರ್ ಫಲಕದ ಹತ್ರ ಒತ್ತಿದ್ರೆ ಗೆರೆ ಎಳೆದ ಹಾಗೆ ನಿಲ್ಲುತ್ತೆ! ಮುಂದಿನ ಸರದೀಲಿ ಇನ್ನೂ ಸ್ವಲ್ಪ ತಡವಾಗಿ ಒತ್ತಿ ನೋಡ್ತೀನಿ."

ತಡವಾಗಿ... ಅಣ್ಣನೂ ಆವತ್ತು ಅದೇ ಮಾತು ಹೇಳಿದ್ದ!

ಮೇಷ್ಟ್ರು ನೀರು ಕುಡಿಯಲು ಹೋದಾಗ ಅವಳು ಬಾನೆಟ್ ಎತ್ತಿದಳು. ಸ್ಪ್ಯಾನರ್ ಹಾಕಿದಳು. ಎರಡು ಸುತ್ತು ಮುಂದಕ್ಕೆ. ಒತ್ತಡದ ಹೆಚ್ಚು ಪಾಲು ಮುಂದಿನ ಚಕ್ರಗಳಿಗೆ; ಈಗ ಹಿಂದಿನ ಚಕ್ರ ಏನೇ ಆದರೂ ಜಾರದು. ಕಾರು ಸುತ್ತದು.

'ಇವನಿಗೆ ಏನೂ ಆಗಬಾರದು.' ಅಷ್ಟೇ ಅವಳ ತಲೆಯಲ್ಲಿದ್ದದ್ದು. ಅವನಿಗೆ ಹೇಳಬೇಕೆಂಬುದು ಹೊಳೆಯಲೇ ಇಲ್ಲ.

ಅವನ ಮುಂದಿನ ಸರದಿಯ ಮೂರನೇ ಸುತ್ತಿನಲ್ಲಿ, ತಿರುವಿನ ಹತ್ತಿರ ಬ್ರೇಕ್ ಒತ್ತಿದಾಗ ಮುಂದಿನ ಎರಡೂ ಟೈರುಗಳಿಂದ ಹೊಗೆ ಎದ್ದಿತು. ಕಾರು ಸುತ್ತಲಿಲ್ಲ, ನಿಜ. ತಿರುಗಲೂ ಇಲ್ಲ! ಸ್ಟಿಯರಿಂಗ್ ಎಷ್ಟು ತಿರುವಿದರೂ ನೇರವಾಗಿ ನುಗ್ಗಿ ಜಲ್ಲಿಯ ರಾಶಿಯಲ್ಲಿ ಹೂತು ನಿಂತಿತು.

ಅವನಿಗೆ ಏನೂ ಆಗಿರಲಿಲ್ಲ. ಕಾರನ್ನು ಎಳೆದು ತಂದ ಮೇಲೆ ಅವನು ಬಗ್ಗಿ ಥರ್ಮಾಮೀಟರನ್ನು ಮುಂದಿನ ಡಿಸ್ಕಿಗೆ ಹಿಡಿದ. ಆಮೇಲೆ ಹಿಂದಿನದಕ್ಕೆ. ಆಮೇಲೆ ತನ್ನ ಪುಸ್ತಕ ನೋಡಿದ.

"ಬೆಳಗ್ಗೆಗಿಂತ ಮುಂದಿನದು ತುಂಬಾ ಕಾದಿದೆ. ಹಿಂದಿನದು ಹೆಚ್ಚುಕಮ್ಮಿ ತಣ್ಣಗಿದೆ. ಯಾಕೆ ಹೀಗೆ?"

"ಬ್ರೇಕ್ ಪ್ಯಾಡ್ ಹೊಸದು... ಇನ್ನೂ ಹದಕ್ಕೆ ಬಂದಿಲ್ಲ ಅನ್ಸುತ್ತೆ."

ಸುಳ್ಳು ಬಾಯಿಂದ ಹೊರಬಿದ್ದ ಕ್ಷಣವೇ ಅವಳು ನಾಲಿಗೆ ಕಚ್ಚಿಕೊಂಡಳು. ಅವನು ಬಾನೆಟ್ ಎತ್ತಿ ಸರಳು ನೋಡಿದ. ಹೊರಗೆ ಚಾಚಿದ್ದ ತಿರುಪಿನ ಎಳೆಗಳನ್ನು ಎಣಿಸಿ, ಪುಸ್ತಕದಲ್ಲಿ ಬರೆದಿದ್ದ ಲೆಕ್ಕಕ್ಕೆ ಹೋಲಿಸಿದ.

"ಎರಡು ಸುತ್ತು," ಎಂದ ಮೆಲ್ಲಗೆ.

"ಮೇಷ್ಟ್ರೇ..."

"ನನಗೆ ಓಡಿಸೋಕೆ ಬರಲ್ಲ ಅನ್ನಿಸಿದ್ರೆ ಮುಖಕ್ಕೆ ಹೇಳ್ಬಹುದಿತ್ತು. ಮೊದಲ ದಿನ ಹೇಳಿದ್ರಲ್ಲ, ಹಾಗೆ! ಪೆಡಲ್ ಒತ್ತಿದಾಗ ಅದರ ಆ ಕಡೆ ಏನಾಗುತ್ತೆ ಅಂತ ನನಗೆ ಗೊತ್ತಿರ್ಬೇಕು ತಾನೇ? ನಿಮ್ಮನ್ನ ನಂಬಿ ಒತ್ತಿದೆ ರೀ ನಾನು."

ಅವನು ಬಾನೆಟ್ ಮುಚ್ಚಿದ.

"ಪೆಡಲ್ ಜೋಡಣೆ ಬೇರೆಯವರ ಹತ್ರ ಮಾಡಿಸ್ಕೋತೀನಿ. ಇಷ್ಟು ದಿನ ಮಾಡಿದ್ದಕ್ಕೆ... ಥ್ಯಾಂಕ್ಸ್."

ಆ 'ಥ್ಯಾಂಕ್ಸ್' ಮುಖಕ್ಕೆ ಹೊಡೆದಂತಿತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು.

*

ಮಾರನೆಯ ದಿನ ಮಧ್ಯಾಹ್ನ ಶೆಡ್ಡಿನಲ್ಲಿ ಅವಳು ಒಂದೇ ಕ್ಯಾಲಿಪರನ್ನು ಮೂರನೇ ಸಲ ಒರೆಸುತ್ತಿದ್ದಳು. ಅಣ್ಣ ಲೇತ್ ನಿಲ್ಲಿಸಿದ.

"ಅದು ಉಕ್ಕು ಕಣೇ, ಅಳಿಸಿಹೋಗಲ್ಲ. ಏನಾಯ್ತು ಹೇಳು."

ಹೇಳಿದಳು.

"ಅವನು ಓಡಿಸೋದರ ಮೇಲೆ ಅನುಮಾನ ಇರಲಿಲ್ಲ ಅಣ್ಣಾ. ನನ್ನ ಮೇಲೆ ನನಗೇ ಭಯ. ನಿನ್ನ ಕಾಲು ಹೋಗಿದ್ದು ನನ್ನ ಕೈಯಿಂದ. ಇನ್ನೊಬ್ಬರನ್ನ... ಅವನನ್ನ..."

ಅಣ್ಣ ಕೈಯಲ್ಲಿದ್ದ ಬಟ್ಟೆಯನ್ನು ಹಿಂಡಿ ಪಕ್ಕಕ್ಕಿಟ್ಟ. ಅವನ ಮುಖದ ಮೇಲೆ ಯಾವಾಗಲೂ ಇರುವ ತುಂಟ ನಗು ಇರಲಿಲ್ಲ.

"ನಿನ್ನ ಕೈಯಿಂದ ಅಲ್ಲ."

"ಸಮಾಧಾನ ಮಾಡ್ಬೇಡ."

"ಸಮಾಧಾನ ಅಲ್ಲ ಕಣೇ. ಆವತ್ತು ನೀನು ಊಟಕ್ಕೆ ಹೋಗಿದ್ದೆ. ಕಾರು ಇನ್ನೂ ಚುರುಕಾಗಿ ತಿರುಗಲಿ ಅಂತ ನಾನೇ ಸ್ಪ್ಯಾನರ್ ಹಾಕಿದೆ. ಹಿಂದಕ್ಕೆ ಒಂದೂವರೆ ಸುತ್ತು. ನೀನು ಇಟ್ಟಿದ್ದು ಸರಿಯಾಗೇ ಇತ್ತು."

ಅವಳು ಕ್ಯಾಲಿಪರನ್ನು ಮೇಜಿನ ಮೇಲೆ ಕುಕ್ಕಿದಳು.

"ಆಸ್ಪತ್ರೇಲಿ ಹೇಳೋಣ ಅಂದ್ಕೊಂಡೆ. ನೀನು ಅಳ್ತಾ ಕೂತಿದ್ದೆ. ನಾಚಿಕೆ ಆಯ್ತು. ನಾಳೆ ಹೇಳೋಣ ಅಂದೆ... ನಾಳೆ ನಾಳೆ ಅಂತ ನಾಲ್ಕು ವರ್ಷ ಆಯ್ತು."

"ನಾಲ್ಕು ವರ್ಷ! ನಾಲ್ಕು ವರ್ಷ ನಾನು ಪಟ್ಟ ಪಾಡು ನೋಡ್ಕೊಂಡು ಸುಮ್ನಿದ್ದೆಯಾ?"

ಅವಳು ಅವನ ಭುಜಕ್ಕೆ ಗುದ್ದಿದಳು. ಮತ್ತೊಮ್ಮೆ ಗುದ್ದಿದಳು. ಮೂರನೆಯದಕ್ಕೆ ಕೈ ಸೋತು ಅದೇ ಭುಜಕ್ಕೆ ಹಣೆ ಇಟ್ಟು ಅತ್ತಳು.

"ಬಯ್ಯೇ, ಎಷ್ಟು ಬೇಕಾದ್ರೂ ಬಯ್ಯಿ," ಅಣ್ಣನ ಕಣ್ಣೂ ತುಂಬಿತ್ತು. "ಆದ್ರೆ ನನ್ನ ಹಾಗೆ ನಾಳೆ ನಾಳೆ ಅನ್ಬೇಡ. ಎದ್ದು ಮೇಷ್ಟ್ರ ಹತ್ರ ಹೋಗು."

ಎರಡು ದಿನ ಅವಳು ಅಣ್ಣನ ಜೊತೆ ಮಾತಾಡಲಿಲ್ಲ. ಕ್ಷಮಿಸುವುದು ಸ್ವಿಚ್ಚು ಒತ್ತಿದಷ್ಟು ಸುಲಭವಲ್ಲ. ಆದರೆ ಒಂದು ಸಂಗತಿ ಅವಳಿಗೆ ಚೆನ್ನಾಗಿ ಅರ್ಥವಾಗಿತ್ತು. ಹತ್ತಿರದವರು ಮುಚ್ಚಿಟ್ಟರೆ ಎಲ್ಲಿ ನೋಯುತ್ತದೆ ಎಂಬುದು. ಈಗ ಅದೇ ಜಾಗದಲ್ಲಿ ಮೇಷ್ಟ್ರಿಗೂ ನೋಯುತ್ತಿದೆ.

*

ಶನಿವಾರ ಶಾಲೆ ಅರ್ಧ ದಿನ. ಕೈಚೀಲ ಹಿಡಿದು ಗೇಟಿನ ಮುಂದೆ ನಿಂತವಳನ್ನು ಕಾವಲುಗಾರ ಅಡಿಯಿಂದ ಮುಡಿಯವರೆಗೆ ನೋಡಿದ.

"ಯಾವ ಮಗುವಿನ ತಾಯಿ ನೀವು?"

"ಮಗು ಇಲ್ಲ. ಗಣಿತದ ಮೇಷ್ಟ್ರನ್ನ ನೋಡ್ಬೇಕು."

"ಅವರ ಮೇಲೆ ಏನಾದ್ರೂ ದೂರಾ?"

"ಅವರ ಮೇಲಲ್ಲ. ನನ್ನ ಮೇಲೇ."

ಕಾವಲುಗಾರನಿಗೆ ತಲೆಬುಡ ತಿಳಿಯಲಿಲ್ಲ. ಒಳಗೆ ಬಿಟ್ಟ.

ಖಾಲಿ ತರಗತಿಯಲ್ಲಿ ಅವನು ಕರಿಹಲಗೆ ಒರೆಸುತ್ತಿದ್ದ. ಅವಳನ್ನು ಕಂಡು ಕೈ ನಿಂತಿತು. ಅವಳು ಕೂರಲಿಲ್ಲ. ಕೂತರೆ ಧೈರ್ಯ ಹೋಗುತ್ತದೆ ಎಂದು ಗೊತ್ತಿತ್ತು.

"ನೆಪ ಹೇಳೋಕೆ ಬಂದಿಲ್ಲ. ನಿಮಗೆ ಹೇಳ್ದೆ ಬದಲಾಯಿಸಿದ್ದು ತಪ್ಪು. ಆಮೇಲೆ ಪ್ಯಾಡ್ ಅಂತ ಸುಳ್ಳು ಹೇಳಿದ್ದು ಇನ್ನೂ ದೊಡ್ಡ ತಪ್ಪು. ನೀವು ಓಡಿಸೋದರಲ್ಲಿ ಏನೂ ಕೊರತೆ ಇಲ್ಲ."

"ಮತ್ತೆ ಯಾಕೆ?"

"ನಿಮಗೆ ಏನಾದ್ರೂ ಆಗಿಬಿಟ್ರೆ ಅಂತ... ನನಗೆ ತಡ್ಕೊಳ್ಳೋಕೆ ಆಗಲ್ಲ ಅಂತ."

ಅಂದುಬಿಟ್ಟಿದ್ದಳು!

ಅವಳು ಚೀಲದಿಂದ ಒಂದು ಉದ್ದ ಕೇಬಲ್ ತೆಗೆದಳು. ಅದರ ತುದಿಗೆ ಕಿತ್ತಳೆ ಬಣ್ಣದ ತಿರುಪು.

"ಇದನ್ನ ಆ ಸರಳಿಗೆ ಸೇರಿಸಿ, ನಿಮ್ಮ ಸ್ಟಿಯರಿಂಗ್ ಪಕ್ಕ ಕೂರಿಸ್ತೀನಿ. ಬ್ರೇಕಿನ ಪಾಲನ್ನ ಕೂತಲ್ಲೇ ನೀವೇ ತಿರುಗಿಸ್ಬಹುದು. ಅರ್ಧ ಸುತ್ತು ಬದಲಾದ್ರೂ ನಿಮಗೆ ಕಾಣುತ್ತೆ. ಇನ್ಮೇಲೆ ನಿಮ್ಮ ಕೈ ಬಿಟ್ಟು ಇನ್ಯಾರ ಕೈಗೂ ಅದು ಹೋಗಲ್ಲ. ನನ್ನ ಕೈಗೂ. ಬೇರೆಯವರ ಹತ್ರ ಹಾಕಿಸ್ಕೊಂಡ್ರೂ ಸರಿ, ಇದನ್ನ ಮಾತ್ರ ತಗೊಳ್ಳಿ."

ಅವನು ತಿರುಪನ್ನು ಕೈಯಲ್ಲಿ ಹಿಡಿದು ನೋಡುತ್ತ ನಿಂತ. ಸೀಮೆಸುಣ್ಣದ ಪುಡಿ ಅದಕ್ಕೆ ಅಂಟಿತು.

"ಬೇರೆಯವರ ಹತ್ರ ಹೋಗಿದ್ದೆ," ಎಂದ.

ಅವಳು ಖಾಲಿ ಚೀಲವನ್ನು ಮಡಿಸತೊಡಗಿದಳು.

"ಪೆಡಲ್ ಒತ್ತಿ ಅಂದ್ರು. ಅವರು ಬಿಡಿ ಅನ್ನೋಕೆ ಮುಂಚೆನೇ ಬಿಟ್ಟುಬಿಟ್ಟೆ. ಮೂರು ಸಲ. ಏನು ಸ್ವಾಮಿ, ಕಾಲು ನೋವಾ ಅಂದ್ರು." ಅವನು ಸಣ್ಣಗೆ ನಕ್ಕ. "ಕಾರು ವಾಪಸ್ ತಂದುಬಿಟ್ಟೆ."

*

ಮುಂದಿನ ವಾರ, ಟ್ರ್ಯಾಕ್ ಖಾಲಿಯಿದ್ದ ಒಂದು ಸಂಜೆ. ತಿರುಪು ಸ್ಟಿಯರಿಂಗ್ ಪಕ್ಕದಲ್ಲಿತ್ತು. ಅವಳು ಕಾರಿನ ಹೊರಗೆ ನಿಂತಿದ್ದಳು.

"ಹತ್ತಿ," ಎಂದ ಅವನು.

"ನಾನಾ? ಅಣ್ಣನ ಅಪಘಾತ ಆದ್ಮೇಲೆ ಟ್ರ್ಯಾಕಿನ ಮೇಲೆ ಕಾರಲ್ಲಿ ಕೂತೇ ಇಲ್ಲ ನಾನು."

"ಒಬ್ಬನೇ ಹೊಂದಿಸೋಕೆ ಬರಲ್ಲ ನನಗೆ. ನೀವು ಪಕ್ಕದಲ್ಲಿ ಕೂತು ಹೇಳಿ, ನಾನು ತಿರುಗಿಸ್ತೀನಿ. ಬೇಡ ಅನ್ಸಿದ್ರೆ ಬೇಡ ಅಂತ ಹೇಳಿ. ಅದೂ ಹೇಳ್ಬಹುದು."

ಅವಳು ಹತ್ತಿದಳು. ಬೆಲ್ಟನ್ನು ಎರಡು ಸಲ ಎಳೆದು ಬಿಗಿದುಕೊಂಡಳು.

ನೇರ ದಾರಿ. ವೇಗ ಏರಿತು. ನೂರೈವತ್ತು ಮೀಟರ್ ಫಲಕ, ನೂರು...

ಅವನು ಒತ್ತಿದ. ಬೆಲ್ಟು ಎದೆಗೆ ಕಚ್ಚಿತು. ಸೊಂಟದ ಕೆಳಗೆ ಹಿಂದಿನ ಚಕ್ರಗಳು ಒಂದಿಷ್ಟು ಅಲುಗಿದವು.

"ಹಿಂದೆ ಹಗುರ ಆಗ್ತಿದೆ!" ಅವಳು ಕೂಗಿದಳು. "ಅರ್ಧ ಸುತ್ತು ಮುಂದಕ್ಕೆ!"

"ಅರ್ಧ ಸುತ್ತು ಮುಂದಕ್ಕೆ," ಎಂದು ಜೋರಾಗಿ ಹೇಳಿಕೊಂಡೇ ಅವನು ತಿರುಗಿಸಿದ.

ಮತ್ತೊಂದು ಸುತ್ತು. ಮತ್ತೆ ಫಲಕ. ಒತ್ತಿದ. ಕಾರು ನಾಲ್ಕೂ ಚಕ್ರಗಳ ಮೇಲೆ ತಗ್ಗಿ ನೆಲವನ್ನು ಅವುಚಿಕೊಂಡಿತು. ಜಾರಲಿಲ್ಲ. ನುಗ್ಗಲಿಲ್ಲ. ತಿರುವಿನೊಳಕ್ಕೆ ಸುಮ್ಮನೆ ಹೊರಳಿತು.

ಅವಳಿಗೆ ಅರಿವಿಲ್ಲದೆ ನಗು ಬಂತು. ನಗುತ್ತ ನಗುತ್ತ ಕಣ್ಣೀರೂ ಬಂತು.

ಅವನು ಕಾರನ್ನು ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿದ.

"ಭಯ ಆಯ್ತಾ?"

"ತುಂಬಾ."

"ನನಗೂ." ಅವನು ಕೈಗವಸು ಬಿಚ್ಚಿದ. "ಗೋಡೆ ಕಂಡು ಅಲ್ಲ. ನೀವು ಪಕ್ಕದಲ್ಲಿದ್ರಲ್ಲ, ಅದಕ್ಕೆ. ಆವತ್ತು ನೀವು ಯಾಕೆ ಹಾಗೆ ಮಾಡಿದ್ರಿ ಅಂತ ಈಗ ಗೊತ್ತಾಯ್ತು."

ಅವಳು ಕಣ್ಣೊರೆಸಿಕೊಂಡಳು. "ಹಾಗಿದ್ರೆ ನೀವೂ ಕದ್ದು ತಿರುಗಿಸಿಬಿಡ್ತೀರಾ?"

"ಇಲ್ಲ. ಭಯ ಆದಾಗ ಭಯ ಆಗ್ತಿದೆ ಅಂತ ಹೇಳ್ತೀನಿ. ದಿನಾ ಹೇಳ್ಬೇಕು ಅಂತ ಆಸೆ ಇದೆ. ಮನೇಲಿ, ಊಟ ಮಾಡೋವಾಗ, ನೀವು ಎದುರಿಗೆ ಕೂತಿದ್ದಾಗ. ಆಗಬಹುದಾ?"

ಅವಳು ತಲೆ ತಗ್ಗಿಸಿದಳು. ಎಣ್ಣೆಯ ಕಲೆ ಹತ್ತಿದ ಅವಳ ಕೈ ಮೆಲ್ಲಗೆ ಅವನ ಕೈಯೊಳಗೆ ಸೇರಿತು.

"ಒಂದು ಷರತ್ತು."

"ಏನು?"

"ಅಡುಗೆಮನೇಲಿ ಎಲ್ಲಾ ಸಮ ಸಮ ಹಂಚ್ಕೊಳ್ಳೋಣ. ಅಲ್ಲಿ ನಿಮ್ಮ ಗಣಿತವೇ ಸರಿ."

ಅವನು ಜೋರಾಗಿ ನಕ್ಕ. "ಬರ್ಕೊಳ್ಲಾ?"

"ಬರ್ಕೊಳ್ಳಿ," ಎಂದಳು ಅವಳು. "ಆದ್ರೆ ಕೈ ಬಿಡದೆ ಬರ್ಕೊಳ್ಳಿ."